ಮೂರನೆಯ ಪೆಟ್ರೋಲ್ ಮೀಟರು

ಆ ಗುರುವಾರ ಬೆಳಿಗ್ಗೆ ಮೀಟರಪ್ಪನವರು ಕಾರಿನಲ್ಲಿ ಕೂತು ಕೀಲಿ ತಿರುಗಿಸಿದರು. ಪೆಟ್ರೋಲ್ ಮೀಟರಿನ ಮುಳ್ಳು ಏಳಲಿಲ್ಲ. ಖಾಲಿ ಎಂಬ ಗೆರೆಯ ಮೇಲೆ ತಲೆಯಿಟ್ಟು ಹಾಯಾಗಿ ಮಲಗಿತ್ತು.

"ಮೂರನೇದೂ ಕೆಟ್ಟೋಯ್ತಲ್ಲೇ!" ಎಂದು ಕಿಟಕಿಯಿಂದ ತಲೆ ಹೊರಹಾಕಿ ಹೆಂಡತಿಯನ್ನು ಕೂಗಿದರು.

ಮೊದಲನೆಯ ಹೊಸ ಮೀಟರು ಹಾಕಿಸಿದ್ದು ಎರಡು ತಿಂಗಳ ಹಿಂದೆ. ಎರಡನೆಯದು ಹೋದ ತಿಂಗಳು. ಮೂರನೆಯದನ್ನು ಮೆಕ್ಯಾನಿಕ್ ಮೊನ್ನೆ ಭಾನುವಾರವಷ್ಟೇ ಹಾಕಿ, ಗಾಜಿನ ಮೂಲೆಗೊಂದು ಚೀಟಿ ಅಂಟಿಸಿ, "ಇನ್ನು ನಿಶ್ಚಿಂತೆಯಾಗಿರಿ ಸಾರ್" ಎಂದಿದ್ದ. ಮೀಟರಪ್ಪನವರು ನಾಲ್ಕು ದಿನ ನಿಶ್ಚಿಂತೆಯಾಗಿದ್ದರು.

ಮೀಟರಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯಲ್ಲಿ ದೂರಿನ ಕಿಟಕಿಯ ಹಿಂದೆ ಹದಿನೆಂಟು ವರ್ಷ ಕೂತು ಸಂಪಾದಿಸಿದ್ದು. "ಸಾರ್, ನಮ್ಮನೆ ನೀರಿನ ಮೀಟರು ಕೆಟ್ಟಿದೆ, ಇಷ್ಟು ನೀರು ನಾವು ಬಳಸೇ ಇಲ್ಲ" ಎಂದು ಯಾರು ಬಂದರೂ ಅವರು ಕಡತದಿಂದ ತಲೆಯೆತ್ತದೆ, "ಮೀಟರು ಸರಿಯಾಗಿದೆ, ಮನೇಲೇ ಎಲ್ಲೋ ಸೋರ್ತಿದೆ, ಹೋಗಿ ನೋಡ್ಕೊಳ್ಳಿ" ಎಂದು ಅಟ್ಟುತ್ತಿದ್ದರು. ಹದಿನೆಂಟು ವರ್ಷದಲ್ಲಿ ಒಂದು ಮೀಟರೂ ಕೆಟ್ಟಿದೆಯೆಂದು ಅವರು ಒಪ್ಪಿಕೊಂಡವರಲ್ಲ. ಸ್ವಂತ ಕಾರಿನ ಮೀಟರು ಮಾತ್ರ ಎರಡೇ ತಿಂಗಳಲ್ಲಿ ನಾಲ್ಕು ಸಲ ಕೆಟ್ಟಿತ್ತು!

ಅವರ ತರ್ಕವೂ ತೆಗೆದುಹಾಕುವಂಥದ್ದಲ್ಲ. ಕಾರು ಹೊರಡುವುದು ಭಾನುವಾರ ಮಾತ್ರ. ಪ್ರತಿ ಭಾನುವಾರ ಹತ್ತು ಲೀಟರ್ ಪೆಟ್ರೋಲ್ ಹಾಕಿಸುತ್ತಾರೆ, ಕೆರೆಯ ತನಕ ಹೋಗಿ ಗಾಳಿ ಕುಡಿದು ಬರುತ್ತಾರೆ. ಆ ಲೆಕ್ಕದಲ್ಲಿ ಟ್ಯಾಂಕು ತುಂಬಿ ತುಳುಕಬೇಕು. ಮುಳ್ಳು ಖಾಲಿ ಅನ್ನುತ್ತದೆಯೆಂದರೆ ಕೆಟ್ಟಿರುವುದು ಮುಳ್ಳೇ.

ಉಳಿದ ಆರು ದಿನ ಕಾರು ಮನೆಯಲ್ಲಿ, ಮೀಟರಪ್ಪನವರು ಬಸ್ಸಿನಲ್ಲಿ. ಕಚೇರಿಯ ಹಿತ್ತಲಿನಲ್ಲಿ ತಗಡಿನ ಶೆಡ್ಡೊಂದಿತ್ತು. ಅದರ ನೆರಳಿನಲ್ಲಿ ಗಾಡಿ ನಿಲ್ಲಿಸುವ ಭಾಗ್ಯ ಮೇಲ್ವಿಚಾರಕರಿಗೆ ಮತ್ತು ಅವರಿಗಿಂತ ಮೇಲಿನವರಿಗೆ ಮಾತ್ರ. ಮೇಲ್ವಿಚಾರಕರಾಗಬೇಕು, ಕಾರಿನಲ್ಲಿ ಬಂದಿಳಿಯಬೇಕು, ಕಾವಲುಗಾರ ಎದ್ದು ಗೇಟು ತೆಗೆಯಬೇಕು, ಇದಿಷ್ಟೇ ಆ ಮನುಷ್ಯನ ಜೀವನದ ಆಸೆ. ಆ ಹುದ್ದೆ ಈಗ ಖಾಲಿ ಬಿದ್ದಿತ್ತು. ಯಾರಿಗೆ ಕೊಡಬೇಕೆಂದು ತೀರ್ಮಾನಿಸಲು ಅದೇ ದಿನ ದೊಡ್ಡ ಸಾಹೇಬರು ರೈಲಿನಲ್ಲಿ ಬರುವವರಿದ್ದರು. ಕಚೇರಿಯ ಜೀಪು ಎರಡು ವರ್ಷದಿಂದ ರಿಪೇರಿಯಲ್ಲಿತ್ತು. "ನನ್ನ ಕಾರಿದೆ!" ಎಂದು ಮೀಟರಪ್ಪನವರು ಎಲ್ಲರಿಗಿಂತ ಮೊದಲು ಕೈಯೆತ್ತಿದ್ದರು.

ಹೆಂಡತಿ ಊಟದ ಡಬ್ಬಿ ಹಿಡಿದು ಬಂದವಳು ಮುಳ್ಳು ನೋಡಿದಳು. ಅವಳ ಮುಖ ಸಣ್ಣದಾಯಿತು.

"ರೀ, ಇವತ್ತು ಕಾರು ಬೇಡ. ಬಾಡಿಗೆ ಗಾಡಿ ಮಾಡ್ಕೊಳ್ಳಿ."

"ಸಾಹೇಬರನ್ನ ಬಾಡಿಗೆ ಗಾಡೀಲಿ ತಂದ್ರೆ ಬಡ್ತಿ ಆ ಡ್ರೈವರಿಗೆ ಕೊಡ್ತಾರೆ ಅಷ್ಟೆ!"

"ಹಾಗಾದ್ರೆ ಪೆಟ್ರೋಲನ್ನಾದ್ರೂ ಹಾಕಿಸ್ಕೊಂಡು ಹೋಗಿ."

"ತುಂಬಿರೋ ಟ್ಯಾಂಕಿಗೆ ಏನೇ ಹಾಕಿಸೋದು? ಮೀಟರು ಕೆಟ್ಟಿದೆ ಅಂತ ಎಷ್ಟು ಸಲ ಹೇಳ್ಲಿ?"

ಅಷ್ಟರಲ್ಲಿ ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಮೆಟ್ಟಿಲಿಳಿದು ಬಂದರು. ಮೊದಲ ಸಲ ಮುಳ್ಳು ಮಲಗಿದಾಗ ಮೀಟರು ಬದಲಾಯಿಸಲು ಹೇಳಿದವರು ಅವರೇ. "ಮೀಟರು ಕೆಟ್ಟ ಗಾಡಿ ಹೊರಗೆ ತೆಗೀಬಾರದು. ಮನೇಲಿರ್ಲಿ ಬಿಡಿ. ನನ್ನ ಸ್ಕೂಟರ್ ಕೊಡ್ತೀನಿ" ಎಂದರು. ಎದುರು ಮನೆಯ ಟೈಲರಮ್ಮ ಹೊಲಿದ ಬಟ್ಟೆಯ ಎರಡು ಗಂಟು ಹೊತ್ತು ಗೇಟಿನಲ್ಲೇ ನಿಂತಿದ್ದರು. "ಅಯ್ಯೋ ಅಣ್ಣ, ಕಾರು ತಗೊಂಡು ಹೊರಟ್ರಾ?" ಎಂದು ಅವರು ಕೇಳಿದ ರೀತಿಗೆ, ಹೊರಟಿರುವುದು ಅವರ ಕಾರೇ ಇರಬೇಕು ಎನ್ನಿಸುತ್ತಿತ್ತು.

ತಮ್ಮ ಕಾರಿನ ಮೇಲೆ ಬೀದಿಗೇ ಇಷ್ಟು ಕಾಳಜಿಯೆಂದು ಮೀಟರಪ್ಪನವರ ಎದೆಯುಬ್ಬಿತು. ಎಲ್ಲರಿಗೂ ಕೈಬೀಸಿ ಹೊರಟೇ ಬಿಟ್ಟರು.

ದೊಡ್ಡ ಸಾಹೇಬರು ಒಂದು ದಪ್ಪ ಫೈಲಿನೊಂದಿಗೆ ರೈಲಿಳಿದು ಹಿಂದಿನ ಸೀಟಿನಲ್ಲಿ ಕೂತರು. ಮೂವತ್ತು ವರ್ಷ ಮೀಟರು ಓದಿ ಮೇಲೆ ಬಂದವರು. ಎಲ್ಲಿ ಕೂತರೂ ಕಣ್ಣು ಮೊದಲು ಅಂಕಿಗಳ ಮೇಲೆ ಹೋಗುತ್ತಿತ್ತು.

"ಏನ್ರೀ, ಮುಳ್ಳು ಖಾಲಿ ತೋರಿಸ್ತಿದೆ?"

"ಅದು ಕೆಟ್ಟಿದೆ ಸಾರ್."

"ಮೀಟರು ಕೆಟ್ಟಿದೆಯಾ?" ಸಾಹೇಬರು ಮುಂದಕ್ಕೆ ಬಾಗಿದರು. "ದೂರಿನ ಕಿಟಕೀಲಿ ಕೂರೋರು ನೀವೇ ತಾನೆ?"

"ನೀರಿನ ಮೀಟರು ಬೇರೆ ಸಾರ್, ಇದು ಬೇರೆ. ಇದರ ಜಾತಿಯೇ ಸುಳ್ಳು. ಮೂರು ಸಲ ಬದಲಾಯಿಸಿದೀನಿ."

"ಟ್ಯಾಂಕು ನೋಡಿದ್ರಾ?"

"ಟ್ಯಾಂಕು ಯಾಕೆ ಸಾರ್ ನೋಡೋದು? ಕೆಟ್ಟಿರೋದು ಮೀಟರು."

ಸಾಹೇಬರು ಸುಮ್ಮನಾದರು. ಕಾರು ಸುಮ್ಮನಾಗಲಿಲ್ಲ. ಆಸ್ಪತ್ರೆಯ ತಿರುವಿನಲ್ಲಿ ಎರಡು ಸಲ ಕೆಮ್ಮಿತು, ಒಮ್ಮೆ ಬಿಕ್ಕಳಿಸಿತು, ಆಮೇಲೆ ರಸ್ತೆಯ ನಟ್ಟನಡುವೆ ನಿಂತುಬಿಟ್ಟಿತು. ಹಿಂದೆ ಬಂದ ಲಾರಿಯವನು ಬಾಯಿಗೆ ಬಂದಂತೆ ಬೈದ. ಮೀಟರಪ್ಪನವರು ಇಳಿದು ತಳ್ಳಿದರು. ಕಾರು ಅಲ್ಲಾಡದ್ದು ಕಂಡು ದೊಡ್ಡ ಸಾಹೇಬರೂ ಇಳಿದು, ಫೈಲನ್ನು ಕಂಕುಳಲ್ಲಿ ಒತ್ತಿಕೊಂಡು ತಳ್ಳಿದರು. ಅಂತೂ ಕಾರು ರಸ್ತೆಯ ಬದಿಗೆ ಬಂತು. ಸಾಹೇಬರ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಬಡ್ತಿ ಕೈಜಾರುತ್ತಿರುವುದು ಮೀಟರಪ್ಪನವರಿಗೆ ಕಣ್ಣಿಗೆ ಕಟ್ಟಿದಂತೆ ಕಂಡು ಅಳುವೇ ಬಂತು.

ಸಾಹೇಬರು ಬೆವರೊರೆಸಿಕೊಳ್ಳುತ್ತ ಗಾಜಿನ ಮೂಲೆಯ ಚೀಟಿ ಓದಿದರು. ಆಮೇಲೆ ಒಳಗೆ ಬಗ್ಗಿ ಕಿಲೋಮೀಟರಿನ ಅಂಕಿ ಓದಿದರು.

"ಭಾನುವಾರ ನಿಮ್ಮ ಮೆಕ್ಯಾನಿಕ್ ಬರೆದಿರೋ ಅಂಕಿ ಇಲ್ಲಿದೆ. ಅವತ್ತಿಂದ ನೂರ ನಲವತ್ತೆರಡು ಕಿಲೋಮೀಟರ್ ಓಡಿದೆ. ಎಲ್ಲಿಗೆ ಹೋಗಿದ್ರಿ?"

"ಎಲ್ಲೂ ಇಲ್ಲ ಸಾರ್! ನಿನ್ನೆ ತನಕ ಕಾರು ಮನೇಲೇ ಇತ್ತು."

"ಹಾಗಾದ್ರೆ ಈ ಮೀಟರೂ ಕೆಟ್ಟಿದೆ ಅನ್ನಿ."

ಮೀಟರಪ್ಪನವರು ಆ ಅಂಕಿಯನ್ನು ನೋಡಿದರು. ಕಾರು ಕೊಂಡ ಮೇಲೆ ಅದನ್ನು ಅವರು ನೋಡುತ್ತಿದ್ದುದು ಅದೇ ಮೊದಲು. ದಿನವಿಡೀ ಊರವರ ಅಂಕಿ ಓದುವವನಿಗೆ ಮನೆಗೆ ಬಂದ ಮೇಲೆ ಇನ್ನೊಂದು ಅಂಕಿ ಯಾಕೆ ಬೇಕು?

ಆಗ ಆಸ್ಪತ್ರೆಯ ಗೇಟಿನಿಂದ, ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಅಜ್ಜಿಯೊಬ್ಬರು ಕೋಲೂರಿಕೊಂಡು ನೇರವಾಗಿ ಕಾರಿನ ಬಳಿ ಬಂದರು. ಯಾರನ್ನೂ ಕೇಳದೆ ಹಿಂದಿನ ಬಾಗಿಲು ತೆಗೆದು, ಸೀಟಿನ ಉದ್ದಕ್ಕೂ ಕಾಲು ಚಾಚಿ ಕೂತರು.

"ಇವತ್ತು ಲೇಟಾಯ್ತಲ್ಲಪ್ಪ, ಬರೋವಾಗ ಆಟೋ ಹಿಡೀಬೇಕಾಯ್ತು. ದಿನಾ ಬರೋ ಹುಡುಗಿ ಬರ್ಲಿಲ್ವಾ? ನಿನ್ನನ್ನ ಹೊಸದಾಗಿ ಡ್ರೈವರ್ ಕೆಲಸಕ್ಕೆ ಇಟ್ಕೊಂಡಿದಾಳಾ?"

"ಯಾರಜ್ಜಿ ನೀವು? ಇದು ನನ್ನ ಕಾರು!"

"ಹಾಗೆಲ್ಲ ಅನ್ಬೇಡ, ಕೆಲಸ ಹೋಗುತ್ತೆ. ಎರಡು ತಿಂಗಳಿಂದ ದಿನಾ ಇದೇ ಕಾರಲ್ಲಿ ಬಂದು ಹೋಗ್ತಿದೀನಿ. ಅವಳ ಗಂಡ ಮಾತ್ರ ಶುದ್ಧ ಪೆದ್ದನಂತೆ. ಪೆಟ್ರೋಲ್ ಮುಗಿದಾಗೆಲ್ಲ ಹೊಸ ಮೀಟರು ಹಾಕಿಸ್ತಾನಂತೆ, ಪಾಪ."

ದೊಡ್ಡ ಸಾಹೇಬರು ತಿರುಗಿ ನಿಂತು ಆಸ್ಪತ್ರೆಯ ಗೋಡೆ ನೋಡತೊಡಗಿದರು. ಅವರ ಭುಜಗಳು ಕುಲುಕುತ್ತಿದ್ದವು.

ಮೇಷ್ಟ್ರ ಸ್ಕೂಟರು ಬಂದು ನಿಂತಿತು. ಹಿಂದಿನಿಂದ ಇಳಿದವಳು ಮೀಟರಪ್ಪನವರ ಹೆಂಡತಿ. ಅವಳ ಕೈಯಲ್ಲಿ ಐದು ಲೀಟರಿನ ಪೆಟ್ರೋಲ್ ಡಬ್ಬಿಯಿತ್ತು.

"ಇಲ್ಲೇ ನಿಲ್ಲುತ್ತೆ ಅಂತ ಗೊತ್ತಿತ್ತು" ಎಂದಳು. "ಮುಳ್ಳು ಕೆಳಗೆ ಮುಟ್ಟಿದ ಮೇಲೆ ಹನ್ನೆರಡು ಕಿಲೋಮೀಟರ್ ಓಡುತ್ತೆ. ಮನೆಯಿಂದ ಸ್ಟೇಷನ್ನಿಗೆ ಒಂಬತ್ತು, ಅಲ್ಲಿಂದ ಇಲ್ಲಿಗೆ ಮೂರು."

"ನೀನು... ಕಾರು... ಯಾವಾಗ ಕಲ್ತೆ?"

"ಹೋದ ವರ್ಷ. ನಿಮ್ಮನ್ನ ಕೇಳಿದ್ದೆ. 'ಈ ಕಾರಿಗೆ ನನ್ನ ಕೈ ಮಾತ್ರ ಒಗ್ಗಿದೆ' ಅಂದ್ರಿ. ಅದಕ್ಕೆ ನಿಮ್ಮನ್ನ ಬಿಟ್ಟು ಬೇರೆಯವರನ್ನ ಕೇಳಿದೆ." ಅವಳು ಮೇಷ್ಟ್ರ ಕಡೆ ನೋಡಿದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಆಮೇಲೆ ಟೈಲರಕ್ಕನ ಬಟ್ಟೆ ಅಂಗಡಿಗೆ ಮುಟ್ಟಿಸ್ತಿದ್ದೆ. ಆ ಅಂಗಡಿ ಪಕ್ಕದ ಮನೆಯ ಈ ಅಜ್ಜಿ ಕಾಲು ಮುರ್ಕೊಂಡ ಮೇಲೆ ಆಸ್ಪತ್ರೆ ಓಡಾಟಾನೂ ಸೇರ್ಕೊಂಡ್ತು. ಹೇಳೋಣ ಅಂತಾನೇ ಇದ್ದೆ ರೀ. ಅಷ್ಟರಲ್ಲಿ ನೀವೇ ಮೀಟರು ಕೆಟ್ಟಿದೆ ಅಂತ ಖುಷಿಯಾಗಿದ್ರಿ."

ಅವಳು ಪೆಟ್ರೋಲ್ ಸುರಿದು ಸೀದಾ ಡ್ರೈವರ್ ಸೀಟಿನಲ್ಲಿ ಕೂತಳು. ಸಾಹೇಬರು ಮುಂದಿನ ಸೀಟಿಗೆ ಬಂದರು. ಹಿಂದಿನ ಸೀಟು ಪೂರ್ತಿ ಅಜ್ಜಿಯ ಕಾಲಿನದಾಗಿತ್ತು.

"ನೀವು ಮೇಷ್ಟ್ರ ಜೊತೆ ಬನ್ನಿ. ಈ ಡಬ್ಬಿ ಹಿಡ್ಕೊಳ್ಳಿ, ಬೀಳಿಸ್ಬೇಡಿ."

ಖಾಲಿ ಡಬ್ಬಿಯನ್ನು ತಬ್ಬಿಕೊಂಡು ಸ್ಕೂಟರಿನ ಹಿಂದೆ ಕೂತ ಮೀಟರಪ್ಪನವರು ಕಚೇರಿ ಮುಟ್ಟಿದಾಗ, ಅಜ್ಜಿಯನ್ನು ಮನೆಗೆ ಬಿಟ್ಟು ಬಂದ ಕಾರು ಆಗತಾನೇ ಶೆಡ್ಡಿನೊಳಗೆ ಹಿಂದಕ್ಕೆ ಸರಿಯುತ್ತಿತ್ತು. ಅವರಿಗೆ ಆ ಕೆಲಸಕ್ಕೆ ಕನಿಷ್ಠ ನಾಲ್ಕು ಪ್ರಯತ್ನ ಬೇಕು. ಅವಳು ಒಂದೇ ಸಲಕ್ಕೆ ತಂದು ನಿಲ್ಲಿಸಿದಳು. ಅವರಿಗೆ ಹೊಟ್ಟೆಯೂ ಉರಿಯಿತು, ಹೆಮ್ಮೆಯೂ ಆಯಿತು.

ಮಧ್ಯಾಹ್ನ ಸಾಹೇಬರು ಅವರನ್ನು ಒಳಗೆ ಕರೆದರು.

"ನೋಡ್ರಿ, ನೀವು ಕೆಟ್ಟೋರಲ್ಲ. ಆದ್ರೆ ಮೇಲ್ವಿಚಾರಕನಾದೋನು ಮುಳ್ಳು ಖಾಲಿ ಅಂದ್ರೆ ಮೊದಲು ಟ್ಯಾಂಕು ನೋಡ್ಬೇಕು. ಇನ್ನೂ ಸ್ವಲ್ಪ ಕಾಲ ಕಿಟಕೀಲೇ ಇರಿ. ನಿಮ್ಮ ಮನೆಯವರ ಥರ ಮೀಟರು ಓದೋರನ್ನ ನಾನು ಇಲಾಖೇಲೇ ಕಂಡಿಲ್ಲ."

ಹುದ್ದೆ ಪಕ್ಕದ ಮೇಜಿನವನಿಗೆ ಹೋಯಿತು.

ಸಂಜೆ ಮೀಟರಪ್ಪನವರು ಶೆಡ್ಡಿನ ಕಡೆ ಕಾಲೆಳೆದುಕೊಂಡು ಹೋದರು. ಕಾವಲುಗಾರ ಎದ್ದು ನಿಂತ. ಗೇಟು ತೆಗೆಯಲಿಲ್ಲ.

"ಪಾಸ್ ಇದೆಯಾ ಸಾರ್?"

"ನನ್ನ ಕಾರು ಒಳಗಿದೆಯಲ್ಲಯ್ಯಾ!"

"ಕಾರಿಗೆ ಪಾಸಿದೆ. ಅಮ್ಮನವರಿಗೂ ಇದೆ. ನಿಮ್ಮ ಹೆಸರು ಪಟ್ಟೀಲಿಲ್ಲ."

ಅಷ್ಟರಲ್ಲಿ ಕಾರು ಗೇಟಿಗೆ ಬಂತು. ಮುಂದಿನ ಸೀಟಿನಲ್ಲಿ ದೊಡ್ಡ ಸಾಹೇಬರು, ಹಿಂದೆ ಹೊಸ ಮೇಲ್ವಿಚಾರಕ. ಹೆಂಡತಿ ಗಾಜಿಳಿಸಿದಳು.

"ರೀ, ಜೀಪು ಸರಿಹೋಗೋ ತನಕ ನಮ್ಮ ಕಾರನ್ನೇ ಕಚೇರಿಗೆ ಇಟ್ಕೊಂಡಿದಾರೆ. ನಾಳೆಯಿಂದ ದಿನಾ ಶೆಡ್ಡಲ್ಲೇ! ನಿಮಗೆ ಆಸೆ ಇತ್ತಲ್ಲ?"

ಜೀಪು ಸರಿಹೋಗುವ ಮಾತು ಎಂಥದೆಂದು ಮೀಟರಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಕಿಟಕಿಗೆ ಬಗ್ಗಿ, ಸಾಹೇಬರಿಗೆ ಕೇಳದ ಹಾಗೆ ಪಿಸುಗುಟ್ಟಿದರು.

"ಭಾನುವಾರ ಒಂದು ದಿನಾನಾದ್ರೂ ಕಾರು ನಂಗೆ ಸಿಗುತ್ತೇನೇ?"

"ಸಿಗದೆ ಏನು ರೀ! ಬೆಳಿಗ್ಗೆ ಅರ್ಧ ಗಂಟೆ ನಿಮ್ಮದೇ" ಎಂದಳು ಅವಳು. "ಪೆಟ್ರೋಲ್ ಹಾಕಿಸ್ಕೊಂಡು ಬರೋಕೆ."