ಭಾವನ ಹಾಡುವ ಗಡಿಗೆಗಳು

ನಮ್ಮ ಭಾವ ತಮ್ಮ ಜೀವಮಾನದಲ್ಲಿ ಸಿದ್ಧವಾಗಿರುವುದನ್ನು ಕೊಂಡು ತಂದ ಸಾಮಾನು ಒಂದೇ ಒಂದು, ನಮ್ಮಕ್ಕನ ತಾಳಿ. ಅದನ್ನೂ ತಾವೇ ಮಾಡಿಬಿಡುತ್ತಿದ್ದರೋ ಏನೋ, ಪತ್ತಾರ ತನ್ನ ಕುಲುಮೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ! ಉಳಿದಂತೆ ಸಿಂಧನೂರಿನ ಅವರ ಮನೆಯಲ್ಲಿ ಕುರ್ಚಿ, ಮಂಚ, ಬಾಗಿಲ ಅಗಳಿ, ಇಲಿಬೋನು ಎಲ್ಲವೂ ಭಾವನವರ ಕೈಯಿಂದಲೇ ಆದವು. ಇಲಿಬೋನಿನಲ್ಲಿ ಇಲಿ ಬಿದ್ದದ್ದನ್ನು ನಾನು ಕಂಡಿಲ್ಲ. ಭಾವನ ಹೆಬ್ಬೆರಳು ಬಿದ್ದದ್ದನ್ನು ಕಂಡಿದ್ದೇನೆ.

ಅಕ್ಕಿ ಗಿರಣಿಯಲ್ಲಿ ಇಂಜಿನ್ ನೋಡಿಕೊಳ್ಳುವ ಕೆಲಸ ಅವರದು. ದಿನವಿಡೀ ಒಂದು ದೊಡ್ಡ ಯಂತ್ರ ಅವರ ಮಾತು ಕೇಳುತ್ತಿತ್ತು. ಹಾಗಾಗಿ ಜಗತ್ತಿನ ಸಣ್ಣಪುಟ್ಟ ಯಂತ್ರಗಳೆಲ್ಲ ಕೇಳಲೇಬೇಕೆಂಬ ಹಟ ಹುಟ್ಟಿಬಿಟ್ಟಿತ್ತು. ಯಾರಾದರೂ ಹೊಸ ಸಾಮಾನು ಕೊಂಡರೆ ಹೋಗಿ ನೋಡುವರು, ಕೈಯಲ್ಲಿ ಹಿಡಿದು ತಿರುವುವರು, ಆಮೇಲೆ ಬಾಯಿ ಚಪ್ಪರಿಸಿ, "ಇದರಾಗ ಏನೈತ್ರೀ? ನಾ ಮಾಡ್ತಿದ್ದೆ, ನನ್ನ ಕೇಳಬಾರದಿತ್ತಾ?" ಎನ್ನುವರು. ಪಾಪ, ಕೊಂಡವನ ಸಂತೋಷ ಅಲ್ಲಿಗೆ ಮುಗಿಯಿತು.

ಸಿಂಧನೂರಿನ ಬೇಸಿಗೆ ಗೊತ್ತಲ್ಲ? ಛಾವಣಿಯ ಹೆಂಚು ಇಳಿಸಿ ಅದರ ಮೇಲೆ ರೊಟ್ಟಿ ಬೇಯಿಸಬಹುದು! ಒಂದು ವರ್ಷ ಅಕ್ಕ ಕೂಲರ್ ಬೇಕೆಂದಳು. ಭಾವ ಎಣ್ಣೆಯ ಹಳೆಯ ಡ್ರಮ್ಮು ತಂದು, ಹೊಟ್ಟೆ ಕೊರೆದು, ಗಿರಣಿಯ ಬಿಸಾಡಿದ ಫ್ಯಾನು ಕೂರಿಸಿ, ಹಿಂದೆ ನೆಲ್ಲುಹುಲ್ಲು ತುಂಬಿ ನೀರು ಬಿಟ್ಟರು. ಉದ್ಘಾಟನೆಯ ದಿನ ಬೀಗರು ಬಂದು ಎದುರಿಗೇ ಕುಳಿತಿದ್ದರು. ಗುಂಡಿ ಒತ್ತಿದ್ದೇ ತಡ, ಡ್ರಮ್ಮು ಒಮ್ಮೆ ಕೆಮ್ಮಿತು, ಒಳಗಿದ್ದ ಹಸಿ ಹುಲ್ಲನ್ನೆಲ್ಲ ಬೀಗರ ಮೇಲೆ ಉಗುಳಿತು. ಮೀಸೆಯಿಂದ ಧೋತರದ ಅಂಚಿನವರೆಗೆ ಹುಲ್ಲು! ಭಾವ ಗಾಬರಿಯಾದರೆಂದು ತಿಳಿದಿರಾ? ಹತ್ತಿರ ಹೋಗಿ, "ಅದಿರಲಿ, ತಂಪಾತಿಲ್ಲರೀ?" ಎಂದು ಕೇಳಿದರು. ಹೌದೆನ್ನದೆ ಬೀಗರಿಗೆ ಬೇರೆ ದಾರಿ ಇರಲಿಲ್ಲ.

ಇಂಥವರ ಕೈಗೆ ನಮ್ಮ ಅವ್ವನ ಹಾಡು ಸಿಕ್ಕಿತು.

ಎಂಬತ್ತರ ದಶಕದ ಮಾತು. ನಾನು ಮಸ್ಕಿಯಲ್ಲಿ ಮಾಸ್ತರನಾಗಿದ್ದೆ, ಮದುವೆ ಆಗಿರಲಿಲ್ಲ, ಅವ್ವ ನನ್ನ ಜೊತೆಗಿದ್ದಳು. ಓಣಿಯ ತುದಿಯಲ್ಲೇ ಹಿಟ್ಟಿನ ಗಿರಣಿ ಇದ್ದರೂ ಗಿರಣಿ ಹಿಟ್ಟಿನ ರೊಟ್ಟಿ ಸಪ್ಪಗಿರುತ್ತದೆಂದು ಅವ್ವ ಜೋಳವನ್ನು ಮನೆಯ ಬೀಸುಕಲ್ಲಿನಲ್ಲೇ ಬೀಸುತ್ತಿದ್ದಳು. ನಿಜ ಹೇಳಬೇಕೆಂದರೆ ಹಿಟ್ಟೆಂಬುದು ಬರೀ ನೆಪ. ಕಲ್ಲು ತಿರುಗದಿದ್ದರೆ ಅವಳಿಗೆ ಹಾಡು ಬರುತ್ತಿರಲಿಲ್ಲ, ಹಾಡದಿದ್ದರೆ ದಿನ ಹೋಗುತ್ತಿರಲಿಲ್ಲ. ಅವಳ ಅವ್ವನಿಂದ ಬಂದ ಹಾಡುಗಳು ಅವು. ಬೀಸುವಾಗಿನವು, ಸೋಬಾನದವು, ತೊಟ್ಟಿಲದವು. ಅಕ್ಕನಿಗೆ ಒಂದೊಂದರ ಮೊದಲ ಸಾಲು ಬಿಟ್ಟರೆ ಮುಂದೆ ಬರುತ್ತಿರಲಿಲ್ಲ. ಅವ್ವನಿಗೆ ಆಗಲೇ ಕೆಮ್ಮು ಶುರುವಾಗಿತ್ತು, ದೊಡ್ಡ ಹಾಡಾದರೆ ನಡುವೆ ದಮ್ಮು ಕಟ್ಟುತ್ತಿತ್ತು. ಅಕ್ಕನ ಜೀವ ಅಲ್ಲೇ ಸುತ್ತುತ್ತಿತ್ತು. "ಅವ್ವನ ಹಾಡು ನಮ್ಮನ್ಯಾಗ ಇರಬೇಕು. ನಾ ಯಾವ ಕ್ವಾಣ್ಯಾಗಿದ್ರೂ ನನಗ ಕೇಳಬೇಕು. ಒಂದು ಟೇಪ್ ರೆಕಾರ್ಡರ್ ತರೂಣು," ಎಂದಳು.

ನಾನು ಮೊದಲು ನಮ್ಮ ಶಾಲೆಯ ಇನ್ನೊಬ್ಬ ಮಾಸ್ತರರ ಹತ್ತಿರ ಒಂದನ್ನು ಕಡ ತಂದು ಅವ್ವನ ಮುಂದಿಟ್ಟೆ. ಅದರಲ್ಲಿ ರೇಡಿಯೋ ಕೂಡ ಇತ್ತು. ಗುಂಡಿ ತಿರುವಿದಾಗ ಒಬ್ಬ ಗಂಡಸು ಗಂಭೀರವಾಗಿ ವಾರ್ತೆ ಓದತೊಡಗಿದ. ಅವ್ವ ಗಡಬಡಿಸಿ ಸೆರಗು ತಲೆಯ ಮೇಲೆ ಎಳೆದುಕೊಂಡು, ಗೋಡೆಯ ಕಡೆ ತಿರುಗಿ ಕುಳಿತಳು.

"ಅವ್ವಾ, ಇದರ ಮುಂದ ಒಂದ್ ಹಾಡು ಹಾಡು."

"ನಿನಗ ತಲಿ ಕೆಟ್ಟೈತೇನೋ? ಗೊತ್ತಿಲ್ಲದ ಗಂಡಸರ ಮುಂದ ಹಾಡಂತೀಯಲ್ಲ!"

"ಒಳಗ ಯಾರೂ ಇಲ್ಲಬೇ."

"ಈಗ ಮಾತಾಡಿದಾವ ಎಲ್ಲಿ ಹೋದ ಮತ್ತ? ಅವಗ ಮೊದಲ ಚಾ ಕೊಟ್ಟು ಕಳಸು!"

ರೇಡಿಯೋ ಬಂದ್ ಮಾಡಿದರೂ ಪ್ರಯೋಜನವಾಗಲಿಲ್ಲ. ಸುಮ್ಮನಾದ ಗಂಡಸು ಕೇಳುತ್ತ ಕೂತಿದ್ದಾನೆಂದೇ ಅವಳ ನಂಬಿಕೆ. ಈ ಸುದ್ದಿ ಕೇಳಿ ಭಾವ ತೊಡೆ ತಟ್ಟಿದರು. "ಖರೇನ ಐತಿ! ಅತ್ತಿಯವ್ರು ನನ್ನ ಎದುರಿಗೇ ಇನ್ನೂ ನಿಂತು ಮಾತಾಡಿಲ್ಲ, ಆ ಡಬ್ಬಿ ಎದುರಿಗೆ ಹಾಡ್ತಾರೇನು? ಅಂಗಡ್ಯಾಗಿನ ಮಾಲು ನಮ್ಮ ಅತ್ತೀಗೆ ನಡ್ಯಂಗಿಲ್ಲ. ನಾ ಕಟ್ತೀನಿ."

ಅಕ್ಕ ಬಿಡಬೇಕಲ್ಲ! ನಮ್ಮಿಬ್ಬರನ್ನೂ ಬಸ್ಸು ಹತ್ತಿಸಿ ಲಿಂಗಸುಗೂರಿಗೆ ಎಳೆದೊಯ್ದಳು. ಅಲ್ಲಿಯ ಒಂದು ಅಂಗಡಿಯಲ್ಲಿ ಫಳಫಳ ಹೊಳೆಯುವ ಪೆಟ್ಟಿಗೆಗಳಿದ್ದವು. ಭಾವ ಒಂದನ್ನು ಎತ್ತಿ ನೋಡಿ, "ಇದು ಎಷ್ಟು ಕ್ವಾಣ್ಯಾಗ ಕೇಳಸ್ತೈತ್ರಿ?" ಎಂದರು.

"ದನಿ ಏರಿಸಿದ್ರ ಇಡೀ ಓಣಿಗೆ ಕೇಳಸ್ತೈತ್ರಿ ಸಾಹುಕಾರ್ರ," ಎಂದ ಅಂಗಡಿಯವ.

"ಓಣಿ ಬ್ಯಾಡೋ ಮಾರಾಯ, ಅಡಗಿಮನಿಗೆ ಬೇಕು. ಪಡಸಾಲ್ಯಾಗ ಇದು ಇರಬೇಕು, ಹಾಡು ಮಾತ್ರ ಕ್ವಾಣಿ ಕ್ವಾಣಿಗೆ ಹೋಗಬೇಕು. ಅಂಥಾದ್ದೈತೇನು? ಇಲ್ಲಾ? ಹಂಗಾರ ಒಂದು ಸ್ಕ್ರೂಡ್ರೈವರ್ ಕೊಡು, ಒಳಗ ಏನಿಟ್ಟಾರ ನೋಡೂಣು."

ಅಂಗಡಿಯವ ಪೆಟ್ಟಿಗೆಯನ್ನು ಎದೆಗವಚಿಕೊಂಡು ಹಿಂದೆ ಸರಿದ. ಅಕ್ಕನ ಕಣ್ಣಲ್ಲಿ ನೀರು ಬಂತು. "ಅವ್ವನ ದಮ್ಮು ದಿನಾ ಹೆಚ್ಚಾಗಾಕತ್ತೈತ್ರಿ. ನೀವು ಕಟ್ಟೂತನಕ ಆಕಿ ದನಿ ಕಾಯ್ಬೇಕಲ್ಲ? ಇದನ್ನ ತಗೋರಿ, ನಾ ಹೆಂಗಾರ ಮಾಡಿ ಹಾಡಸ್ತೀನಿ."

"ಹಾಡಂಗಿಲ್ಲ ಲೇ ಅವ್ರು. ಸೆರಗು ಹೊತ್ಕೊಂಡು ಕುಂದರ್ತಾರ. ನನಗ ಒಂದ್ ತಿಂಗಳ ಟೈಮ್ ಕೊಡು," ಎಂದರು ಭಾವ. ಇಬ್ಬರ ಮಾತಿನಲ್ಲೂ ಖರೆ ಇತ್ತು, ಅದೇ ಫಜೀತಿ! ಕೊನೆಗೆ ಲಿಂಗಸುಗೂರಿನಿಂದ ನಾವು ತಂದದ್ದು ಒಂದು ಸುತ್ತು ವಾಯರು. ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು, ನಾನು ನಡುವೆ ಕುಳಿತೆ.

ಕಟ್ಟೋಣ ಶುರುವಾಯಿತು. ಗುಜರಿಯಿಂದ ಕೆಟ್ಟ ಟೇಪ್ ರೆಕಾರ್ಡರ್ ಬಂತು. ಮದುವೆಗಳಲ್ಲಿ ಕೂಗಿ ಕೂಗಿ ಸುಸ್ತಾದ ಮೈಕ್ ಸೆಟ್ಟಿನ ಆಂಪ್ಲಿಫೈಯರ್ ಬಂತು. ಸ್ಪೀಕರುಗಳನ್ನು ಬರಿದೇ ಇಟ್ಟರೆ ಚೀರುತ್ತವೆ, ಮಣ್ಣಿನ ಗಡಿಗೆಯ ಬಾಯಿಗೆ ಕಟ್ಟಿದರೆ ದನಿ ತುಂಬಿಕೊಂಡು ಬರುತ್ತದೆ. ಇದು ಆಗ ಊರಿಗೆಲ್ಲ ಗೊತ್ತಿದ್ದ ಉಪಾಯ. ಗಡಿಗೆ ಎಲ್ಲಿಂದ ತರಬೇಕು? ಅಕ್ಕನ ನೀರಿನ ಗಡಿಗೆಗಳು ಒಂದೊಂದಾಗಿ ಮಾಯವಾದವು.

"ನೀರು ಯಾವುದರಾಗ ಕುಡೀಬೇಕ್ರಿ ನಾವು?"

"ಇನ್ನ ಸ್ವಲ್ಪ ದಿನ ತಡಿ, ಹಾಡು ಕೇಳಿದರ ನೀರಡಿಕೀನ ಆಗಂಗಿಲ್ಲ!"

ಅಡುಗೆಮನೆಗೊಂದು, ಒಳಕೋಣೆಗೊಂದು, ಪಡಸಾಲೆಗೊಂದು ಗಡಿಗೆ. ಪಕ್ಕದ ಮನೆಯ ಖಾಲಾ, ಅಂದರೆ ಗೋಡೆಯಾಚೆಯಿಂದ ದಿನಾ ಅಕ್ಕನ ಕಷ್ಟಸುಖ ಕೇಳುವ ಮುದುಕಿ, ತನಗೂ ಒಂದು ಬೇಕೆಂದಳು. ಗೋಡೆ ಹಾರಿಸಿ ಆಕೆಯ ಅಂಗಳಕ್ಕೂ ವಾಯರು ಎಳೆದದ್ದಾಯಿತು. ಪರೀಕ್ಷೆಯ ದಿನ ಓಣಿಯ ಅರ್ಧ ಜನ ಖಾಲಾನ ಅಂಗಳದಲ್ಲಿ ನೆರೆದಿದ್ದರು. ಭಾವ ವಾಯರುಗಳನ್ನು ಎಲ್ಲೋ ಅದಲುಬದಲು ಜೋಡಿಸಿದ್ದರು. ಹಾಡು ಹೊರಡುವ ಬದಲು ಅಡುಗೆಮನೆಯ ಗಡಿಗೆ ಕೇಳಿಸಿಕೊಳ್ಳತೊಡಗಿತು! ಅಲ್ಲಿ ಅಕ್ಕ ರೊಟ್ಟಿ ಬಡಿಯುತ್ತ ತನ್ನಷ್ಟಕ್ಕೆ ತಾನು ಗೊಣಗುತ್ತಿದ್ದಳು. ಅದು ಖಾಲಾನ ಅಂಗಳದಲ್ಲಿ ಘಂಟಾಘೋಷವಾಗಿ ಮೊಳಗಿತು: "ಊರಿಗೆಲ್ಲಾ ಇಂಜಿನೇರ ಆಗ್ಯಾನ, ಒಂದು ಇಲಿ ಹಿಡ್ಯಾಕ ಬರಂಗಿಲ್ಲ ಈ ಮನಶ್ಯಾಗ!"

ಜನ ಬಿದ್ದು ಬಿದ್ದು ನಕ್ಕರು. ಖಾಲಾ ಗೋಡೆಯ ಮೇಲೆ ತಲೆ ಎತ್ತಿ, "ಬರೋಬ್ಬರಿ ಹೇಳಿದಿ ಬೇಟೀ! ಇನ್ನ ಜರಾ ಜೋರಿಲೆ ಹೇಳು!" ಎಂದಳು. ನಾನಾಗಿದ್ದರೆ ಮುಖ ಮುಚ್ಚಿಕೊಂಡು ಮಸ್ಕಿ ಬಸ್ಸು ಹತ್ತುತ್ತಿದ್ದೆ. ಭಾವ ಮಾತ್ರ ನನ್ನ ಹೆಗಲು ಹಿಡಿದು ಕುಣಿದಾಡಿಬಿಟ್ಟರು. "ಮಾಸ್ತರ, ಗಡಿಗೀಗೆ ಕಿವಿನೂ ಐತಿ! ಒಂದು ಗುಂಡಿ ಕೂರಸ್ತೀನಿ, ಹಿಂಗ ತಿರುವಿದರ ಹೇಳ್ತೈತಿ, ಹಂಗ ತಿರುವಿದರ ಕೇಳ್ತೈತಿ. ಅತ್ತಿಯವ್ರು ಡಬ್ಬಿಗೆ ನಾಚಬಹುದು, ಗಡಿಗೀಗೆ ಯಾರ ನಾಚ್ತಾರೋ!"

ಮರುವಾರವೇ ಮಸ್ಕಿಯ ನಮ್ಮ ಮನೆಯಲ್ಲಿ ಬೀಸುಕಲ್ಲಿನ ಪಕ್ಕ ಒಂದು ಗಡಿಗೆ ಬಂದು ಕುಳಿತಿತು. ವಾಯರು ಕಿಟಕಿಯಿಂದ ಹೊರಗೆ ಕಟ್ಟೆಯವರೆಗೆ. ಭಾವ ಕಟ್ಟೆಯಿಂದಲೇ ಕೂಗಿ ಹೇಳಿದರು, "ಅತ್ತೀ, ನಾ ಒಳಗ ಬರಂಗಿಲ್ರಿ. ಆ ಗಡಿಗಿ ಮುಂದ ಹಾಡ್ರಿ ಸಾಕು." ಅವ್ವ ಬಾಗಿಲ ಮರೆಯಿಂದಲೇ, "ಅಳಿಯಂದಿರು ಹೇಳಿದ ಮ್ಯಾಲೆ ಆತು. ಗಡಿಗಿಗೇನು, ಮಣ್ಣಿಂದು," ಎಂದಳು. ಒಪ್ಪಿಗೆಯೇ ಸಿಕ್ಕಿಬಿಟ್ಟಿತು! ಭಾವನ ಜೊತೆಗೇ ಬಂದಿದ್ದ ಅಕ್ಕ ಆ ದಿನ ಬೆಲ್ಲ ಹಾಕಿ ಸಿಹಿ ಸಜ್ಜಕ ಮಾಡಿ ಬಡಿಸಿದಳು.

ಆದರೆ ಆ ಗುಜರಿ ಪೆಟ್ಟಿಗೆ ಹಾಡು ಹಿಡಿಯಬೇಕಲ್ಲ! ಒಮ್ಮೆ ಅವ್ವನ ದನಿ ಕೋಳಿಯ ದನಿಯಾಗಿ ಬಂತು. ಒಮ್ಮೆ ಸುಂಕದ ಕಟ್ಟೆಯ ಜಮಾದಾರನ ದನಿಯಾಗಿ ಬಂತು. ಒಮ್ಮೆ ಕ್ಯಾಸೆಟ್ಟಿನ ಟೇಪು ಪೂರ್ತಿ ಹೊರಬಂದು ಶಾವಿಗೆಯ ಹಾಗೆ ಕಟ್ಟೆಯ ಮೇಲೆ ಹರಡಿಕೊಂಡಿತು. ತಿಂಗಳು ಅಂದದ್ದು ಮಳೆಗಾಲ ದಾಟಿತು. ಭಾವ ಮಾತ್ರ ತಮ್ಮ ಗಿರಣಿಯ ವಾರದ ರಜೆಯ ದಿನ ತಪ್ಪದೆ ಸಾಮಾನಿನ ಚೀಲ ಹೊತ್ತು ಮಸ್ಕಿಗೆ ಬರುತ್ತಿದ್ದರು. ನಾನು ಶಾಲೆಯಿಂದ ಬರುವಷ್ಟರಲ್ಲಿ ವಾಯರು ಸುತ್ತಿಡುತ್ತಿದ್ದರು. "ಹಿಡೀತೇನ್ರಿ ಭಾವ?" ಎಂದರೆ, "ಹಿಡ್ಯಾಕತ್ತೈತಿ, ಹಿಡ್ಯಾಕತ್ತೈತಿ," ಎನ್ನುತ್ತ ಬಸ್ಸಿಗೆ ಓಡುತ್ತಿದ್ದರು.

ಚಳಿಗಾಲದಲ್ಲಿ ಅವ್ವನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಬಾಯಿ ವಾರೆಯಾಯಿತು, ಮಾತು ಪೂರ್ತಿ ನಿಂತಿತು. ಸಿಂಧನೂರಿನ ದವಾಖಾನೆಗೆ ಒಯ್ದು, ಆಮೇಲೆ ಅಕ್ಕನ ಮನೆಯ ಒಳಕೋಣೆಯಲ್ಲಿ ಮಲಗಿಸಿದೆವು. ಅವ್ವ ಮೇಲಿನ ಜಂತಿ ನೋಡುತ್ತ ಮಲಗಿರುತ್ತಿದ್ದಳು. ಕರೆದರೆ ಕಣ್ಣು ಕೂಡ ತಿರುಗಿಸುತ್ತಿರಲಿಲ್ಲ. ಅಕ್ಕ ಒಂದು ದಿನ ತಡೆಯಲಾರದೆ ಭಾವನ ಮೇಲೆ ಹರಿಹಾಯ್ದಳು.

"ಅಂಗಡ್ಯಾಗಿಂದು ತಂದಿದ್ರ ಒಂದು ಹಾಡರ ಉಳೀತಿತ್ತು. ಹಾಡದಿದ್ರ ಬ್ಯಾಡ, ಆಕಿ ಬೈದದ್ದರ ಉಳೀತಿತ್ತಲ್ರೀ! ನಿಮ್ಮ ಗಡಿಗಿ ಹಚ್ಕೊಂಡು ಕುಂತ್ರಿ. ಈಗ ಏನ್ ಕೇಳ್ಲಿ ನಾನು?"

ಯಾವ ಮಾತಿಗೂ ಸುಮ್ಮನಿರದ ಭಾವ ತಲೆ ತಗ್ಗಿಸಿ ಎದ್ದುಹೋದರು. ಅಕ್ಕನದೂ ತಪ್ಪಲ್ಲ. ಭಾವ ಎರಡು ದಿನ ಯಾವ ಸಾಮಾನನ್ನೂ ಮುಟ್ಟಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ನಾನು ಪಡಸಾಲೆಯಲ್ಲಿ ಕುಳಿತಿದ್ದೆ. ಭಾವ ಬಂದು ಆಂಪ್ಲಿಫೈಯರ್ ಹಚ್ಚಿದರು, ಮೈಕು ಕೈಗೆತ್ತಿಕೊಂಡರು, ಗಂಟಲು ಸರಿಮಾಡಿಕೊಂಡರು, ಹಾಡತೊಡಗಿದರು. ಅಯ್ಯೋ, ಆ ದನಿಯೇ! ಗಿರಣಿಯ ಬೆಲ್ಟು ಸಡಿಲಾದರೆ ಹೊರಡುತ್ತದಲ್ಲ, ಅಂಥದು. ಆದರೆ ಹಾಡು ಅವ್ವನದು. ಬೀಸುವಾಗಿನ ಹಾಡು, ತಂಗಿಯನ್ನು ಕರೆದೊಯ್ಯಲು ಅಣ್ಣ ಬಂಡಿ ಕಟ್ಟಿಕೊಂಡು ಬರುವ ಉದ್ದನೆಯ ಹಾಡು. ಮೀಸೆಯ ಗಂಡಸು ಹೆಂಗಸರ ಹಾಡನ್ನು ಒಂದಾದ ಮೇಲೊಂದು ನುಡಿ, ಉಸಿರು ತೆಗೆದುಕೊಳ್ಳುವ ಜಾಗವನ್ನೂ ತಪ್ಪಿಸದೆ, ಅವ್ವ ಹಾಡಿದ ಹಾಗೆಯೇ ಹಾಡುತ್ತಿದ್ದರು!

"ಭಾವ, ಇದು ನಿಮಗ ಹೆಂಗ ಬಂತು?"

"ಆ ಹಾಳ ಡಬ್ಬಿ ಹಿಡೀಲಿಲ್ಲಪಾ. ಅತ್ತಿ ದಮ್ಮು ಹತ್ತಿದ್ರೂ ಒಳಗ ಹಾಡಾಕತ್ತಿದ್ರು. ಆ ಹಾಡು ಗಾಳಿಗೆ ಹೋಗಾಕ ಹೆಂಗ ಬಿಡ್ಲಿ? ವಾರಾ ವಾರಾ ಕಟ್ಟಿ ಮ್ಯಾಲ ಕುಂತು ನಾನ ಕಲ್ತೆ. ಎಲ್ಲಾ ಬಂದಿಲ್ಲ, ಅರ್ಧಾ ಬಂದಾವ." ಕಣ್ಣು ಒರೆಸಿಕೊಂಡರು. "ಒಳಗ ಹೋಗಿ ಹಾಡಿದರ ಅತ್ತಿ ನಾಚ್ಕೊಳ್ತಾರ. ಅದಕ್ಕ ಇಲ್ಲಿಂದ."

ಒಳಗೆ ಅವ್ವನ ತಲೆದೆಸೆಯ ಗಡಿಗೆಯಲ್ಲಿ ಹಾಡು ಹೋಗುತ್ತಿತ್ತು, ಅಕ್ಕ ಅಲ್ಲೇ ಕುಳಿತಿದ್ದಳು. ಭಾವ ಒಂದು ನುಡಿ ಹಾಡುವರು, ಗುಂಡಿ ತಿರುವಿ ಆ ಕಡೆಯ ಸದ್ದಿಗೆ ಕಿವಿಗೊಡುವರು. ಪಡಸಾಲೆಯ ಗಡಿಗೆಯಿಂದ ಅಕ್ಕ ಬಿಕ್ಕುವುದೊಂದೇ ಕೇಳುತ್ತಿತ್ತು. ಮತ್ತೆ ಹಾಡುವರು. ಅಣ್ಣನ ಬಂಡಿ ಹಳ್ಳ ದಾಟಿತು. ಬಂಡಿಗೆ ಕೆಂಪನೆಯ ಎತ್ತು ಹೂಡಿದ್ದನೆಂದು ಹಾಡಿ ಭಾವ ಗುಂಡಿ ತಿರುವಿದರು.

ಗಡಿಗೆಯೊಳಗೆ ಏನೋ ಗೊರಗೊರ ಎಂದಿತು. ಮಂಚ ಕಿರ್ರೆಂದಿತು. ಆಮೇಲೆ ತೊದಲುತ್ತ, ಸಿಟ್ಟಿನಿಂದ, "ಬಿ... ಬಿಳೇವು..." ಎಂಬ ದನಿ ಬಂತು.

"ಅವ್ವಾ!" ಎಂದು ಅಕ್ಕ ಚೀರಿದಳು. "ರೀ, ಅವ್ವ ಮಾತಾಡಿದ್ಳರೀ! ಬಿಳೀ ಎತ್ತಂತ, ನೀವು ತಪ್ಪು ಹಾಡಿದ್ರಂತ!"

ನಾನು ಒಳಗೆ ಓಡಲು ಎದ್ದವನು ಬಾಗಿಲಲ್ಲಿ ನಿಂತು, "ಭಾವ, ಟೇಪು ಒತ್ತಿದ್ರೇನ್ರಿ? ಅವ್ವನ ದನಿ ಹಿಡೀತೇನು?" ಎಂದೆ.

"ಸುಮ್ನಿರಪಾ, ಟೇಪು ಯಾರಿಗೆ ಬೇಕು!" ಎಂದರು ಭಾವ. ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ಮೀಸೆಯ ಕೆಳಗೆ ನಗು. ಗುಂಡಿ ತಿರುವಿ, ಮೈಕಿಗೆ ಬಾಯಿ ಹಚ್ಚಿ ಅದೇ ನುಡಿಯನ್ನು ಮತ್ತೆ ಎತ್ತಿಕೊಂಡರು. ಈ ಸಲ ಎತ್ತುಗಳನ್ನು ಕಪ್ಪು ಮಾಡಿದರು.