ವೀಣೆಗೊಂದು ಹಳೇ ಕಾರು

ನನಗೊಂದು ಕಾಯಿಲೆಯಿದೆ. ಯಾವ ಕೆಲಸಕ್ಕೇ ಕೈಹಾಕಲಿ, ಮೊದಲು ಅದರ ಬಗ್ಗೆ ಇರುವುದನ್ನೆಲ್ಲ ತಿಳಿದುಕೊಂಡುಬಿಡಬೇಕು ಎನ್ನುವ ಚಪಲ. ತಿಳಿದುಕೊಂಡ ಮೇಲಾದರೂ ಕೆಲಸ ಮಾಡುತ್ತೇನೆಯೇ ಎಂದರೆ ಅದೂ ಇಲ್ಲ. ಅಷ್ಟು ಹೊತ್ತಿಗೆ ಮನೆಯಲ್ಲಿ ಬೇರೆ ಯಾರಾದರೂ ಅದನ್ನು ಮಾಡಿ ಮುಗಿಸಿ ಕೈ ತೊಳೆದುಕೊಂಡಿರುತ್ತಾರೆ. ಸೊಳ್ಳೆಪರದೆ ಕೊಳ್ಳುವ ಮುನ್ನ ಸೊಳ್ಳೆಗಳ ಸ್ವಭಾವ ತಿಳಿಯೋಣವೆಂದು ಓದುತ್ತ ಕೂತು, ಇಡೀ ಒಂದು ಬೇಸಿಗೆ ಅವುಗಳಿಂದಲೇ ಕಚ್ಚಿಸಿಕೊಂಡವನು ನಾನು. ನಮ್ಮಜ್ಜಿ ನೆಂಟರಿಗೆ ನನ್ನನ್ನು ಪರಿಚಯಿಸುತ್ತಿದ್ದುದೇ ಹೀಗೆ: "ಇವನು ನಮ್ಮ ಮೊಮ್ಮಗ. ಊಟಕ್ಕೆ ಕೂರೋ ಅಂದ್ರೆ, ಎಲೆ ಯಾವ ಬಾಳೇದು ಅಂತ ಕೇಳ್ತಾನೆ." ಇಂಥವನು ಹಳೇ ಕಾರು ಕೊಳ್ಳಲು ಹೊರಟರೆ ಏನಾದೀತು, ನೀವೇ ಯೋಚಿಸಿ.

ಕಾರು ಬೇಕಾಗಿದ್ದದ್ದು ನನಗಲ್ಲ, ವೀಣೆಗೆ. ನನ್ನ ಹೆಂಡತಿ ಸುಮಿತ್ರಾ ವೀಣೆ ನುಡಿಸುತ್ತಾಳೆ. ಹಲಸೂರಿನ ಕಡೆ ಒಂದಷ್ಟು ಮನೆಗಳಿಗೆ ಹೋಗಿ ಪಾಠವನ್ನೂ ಹೇಳುತ್ತಾಳೆ. ಪಾಠಕ್ಕೆ ಬರಿಗೈಲಿ ಹೋದರಾಯಿತು, ಅಲ್ಲಿ ಮಕ್ಕಳ ವೀಣೆ ಇರುತ್ತದೆ. ಕಚೇರಿ ಎಂದರೆ ತನ್ನ ವೀಣೆಯೇ ಬೇಕು. ಒಮ್ಮೆ ಕಚೇರಿಗೆಂದು ಜೀವನ್ ಬಿಮಾ ನಗರದ ನಮ್ಮ ಮನೆಯಿಂದ ಆಟೋದಲ್ಲಿ ಹೊರಟಿದ್ದೆವು. ಇಂದಿರಾನಗರದ ಒಂದು ರಸ್ತೆಯುಬ್ಬಿನ ಮೇಲೆ ಆಟೋ ಹಾರಿ ಕೂತಾಗ ವೀಣೆಯ ಸೋರೆಬುರುಡೆ ಠಪ್ಪೆಂದು ಸೀಳು ಬಿಟ್ಟಿತು. ಆಟೋದವನು ತಿರುಗಿ ನೋಡಿ, "ಗಾಬರಿಯಾಗ್ಬೇಡಿ ಸಾರ್, ಗಾಡಿಗೇನೂ ಆಗಿಲ್ಲ" ಎಂದು ನಮಗೆ ಧೈರ್ಯ ಹೇಳಿದ. ಅವತ್ತಿನ ಕಚೇರಿ ಹೇಗೋ ಎರವಲು ವೀಣೆಯಲ್ಲಿ ಮುಗಿಯಿತು, ಆಮೇಲೆ ಬುರುಡೆಯನ್ನೂ ಬದಲಾಯಿಸಿದ್ದಾಯಿತು. ಆದರೆ ಅವತ್ತಿನಿಂದ ಅವಳು ಹೊರಗೆ ಕಚೇರಿ ಒಪ್ಪಿಕೊಳ್ಳುವುದನ್ನೇ ಬಿಟ್ಟಳು. ವರ್ಷಗಳು ಕಳೆದವು. ಕೇಳಿದವರಿಗೆಲ್ಲ ಒಂದೇ ಉತ್ತರ: "ವೀಣೆ ಸಾಗಿಸೋದು ಕಷ್ಟ ಕಣ್ರೀ."

ಕೊನೆಗೊಂದು ವರ್ಷ ಹಲಸೂರಿನ ಭಜನಾ ಮಂಡಳಿಯ ಹಿರಿಯರು, ನಾವೆಲ್ಲ ಮಾವ ಎಂದೇ ಕರೆಯುವ ವೆಂಕಟಾಚಲಯ್ಯನವರು, ಮನೆಗೇ ಬಂದರು. "ಸುಮಿತ್ರಾ, ರಾಮನವಮಿ ಉತ್ಸವದಲ್ಲಿ ಒಂದು ಸಂಜೆ ನಿಂದು. ಕಷ್ಟ ಗಿಷ್ಟ ಅನ್ಬೇಡ. ಆಮಂತ್ರಣ ಅಚ್ಚಿಗೆ ಹೋಗೋದರೊಳಗೆ ಹೂಂ ಅನ್ನು. ಈ ಸಲವೂ ಇಲ್ಲ ಅಂದ್ರೆ ನಾನಂತೂ ಇನ್ನು ಕೇಳಕ್ಕೆ ಬರಲ್ಲ, ನನ್ನ ಮಂಡಿ ಬಿಡಲ್ಲ" ಎಂದರು. ಸುಮಿತ್ರಾ ನನ್ನ ಕಡೆ ನೋಡಿ, "ಇವರು ಕಾರು ತಗೋತೀನಿ ಅಂತಿದ್ದಾರೆ ಮಾವ. ಅದು ಬಂದ್ರೆ ಹೂಂ ಅಂತೀನಿ" ಎಂದುಬಿಟ್ಟಳು. ಹೀಗೆ ಒಂದು ಕಚೇರಿ, ಒಂದು ಆಮಂತ್ರಣ ಪತ್ರಿಕೆ ಮತ್ತು ಒಬ್ಬ ಹಿರಿಯರ ಮಂಡಿ, ಮೂರೂ ನನ್ನ ತೀರ್ಮಾನಕ್ಕೆ ಕಾಯುತ್ತ ಕೂತವು.

ನಮ್ಮ ಶಕ್ತಿಗೆ ಹೊಸ ಕಾರು ದೂರದ ಮಾತು. ಅಗ್ಗದ ಹಳೇ ಕಾರು, ಸರಿ. ಆದರೆ ಪೆಟ್ರೋಲೋ ಡೀಸೆಲೋ? ಈಗಿನವರಿಗೆ ಇದು ಒಂದು ಪ್ರಶ್ನೆಯೇ ಅನ್ನಿಸಲಿಕ್ಕಿಲ್ಲ. ಆಗ ಅದು ಶೈವ ವೈಷ್ಣವರ ಜಗಳದಷ್ಟು ಗಹನವಾಗಿತ್ತು. ಡೀಸೆಲ್ ಅಗ್ಗ, ಆದರೆ ಆ ಗಾಡಿ ತುಟ್ಟಿ. ಪೆಟ್ರೋಲ್ ಗಾಡಿ ಅಗ್ಗ, ಆದರೆ ಅದರ ಹೊಟ್ಟೆ ತುಂಬಿಸುವುದು ತುಟ್ಟಿ. ಹೆಚ್ಚು ಓಡಿಸುವವನಿಗೆ ಡೀಸೆಲ್ ಲಾಭ ಎನ್ನುತ್ತಿದ್ದರು. ನಾವೆಷ್ಟು ಓಡಿಸುತ್ತೇವೆ? ಕಾರೇ ಇಲ್ಲದವನು ಈ ಪ್ರಶ್ನೆಗೆ ಏನು ಉತ್ತರ ಕೊಟ್ಟಾನು. ನನ್ನ ಕಾಯಿಲೆ ಉಲ್ಬಣಿಸಿತು.

ಮೊದಲು ವಿಚಾರಿಸಿದ್ದು ಕೆ.ಆರ್. ಪುರದ ನಮ್ಮ ದೊಡ್ಡಪ್ಪನನ್ನು. ಕೆರೆ ಬಯಲಿನಲ್ಲಿ ತರಕಾರಿ ಬೆಳೆಯುತ್ತಿದ್ದ ಕಾಲದಲ್ಲಿ ಅವರ ಬಳಿ ಡೀಸೆಲ್ ಪಂಪ್‌ಸೆಟ್ ಇತ್ತು. "ಡೀಸೆಲ್ ಅಂದ್ರೆ ಎಮ್ಮೆ ಕಣೋ, ಪೆಟ್ರೋಲ್ ಅಂದ್ರೆ ಸೀಮೆ ಹಸು" ಎಂದರು. "ಸೀಮೆ ಹಸು ಚೆಂದ, ಬುದ್ಧಿವಂತ. ಆದ್ರೆ ಬಿಸ್ಲು ಬಂದ್ರೂ ಕಾಯ್ಲೆ, ಮಳೆ ಬಂದ್ರೂ ಕಾಯ್ಲೆ. ಎಮ್ಮೆ ಏಳೋದು ನಿಧಾನ. ಎದ್ಮೇಲೆ ನಿನ್ನನ್ನ ಕೇಳಲ್ಲ, ತನ್ನ ಪಾಡಿಗೆ ತಾನು ಹೋಗ್ತಿರತ್ತೆ." ನಾನು ಎಮ್ಮೆಯ ಪಕ್ಷಕ್ಕೆ ಸೇರಿದೆ. ಹೊರಡುವಾಗ ಅವರೇ ಬಾಗಿಲವರೆಗೆ ಬಂದು, "ಒಂದೇ ತೊಂದ್ರೆ. ಎಮ್ಮೆ ಮಲಗಿಬಿಟ್ರೆ ಎಬ್ಬಿಸೋಕೆ ಊರೆಲ್ಲ ಬರಬೇಕು" ಎಂದು ಸೇರಿಸಿದರು. ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ನಾನು ಹಸುವಿನ ಪಕ್ಷದಲ್ಲಿದ್ದೆ.

ಆಫೀಸಿನಲ್ಲಿ ವಿಚಾರಿಸಿದಾಗ ಇನ್ನೊಂದು ಸತ್ಯ ಗೊತ್ತಾಯಿತು. ನಮ್ಮ ಶೇಷಗಿರಿ ಡೀಸೆಲ್ ಕಾರಿನವನು. ಊಟದ ಹೊತ್ತಿನಲ್ಲಿ ಎಲ್ಲರೆದುರು ಅದರ ಗುಣಗಾನ ಮಾಡಿದ: "ಕಣ್ಮುಚ್ಚಿ ಡೀಸೆಲ್ ತಗೋ ಗುರು. ಟ್ಯಾಂಕ್ ತುಂಬ್ಸಿದ್ದೇ ನೆನಪಿರಲ್ಲ." ಕೈ ತೊಳೆಯುವಲ್ಲಿ ಪಕ್ಕಕ್ಕೆ ಬಂದು ಪಿಸುಗುಟ್ಟಿದ: "ಯಾರಿಗೂ ಹೇಳ್ಬೇಡ. ಡೀಸೆಲ್ ಮಾತ್ರ ತಗೋಬೇಡ. ಪ್ರತಿ ಭಾನುವಾರ ನಾನು ಗ್ಯಾರೇಜಲ್ಲೇ ಇರ್ತೀನಿ. ಹೆಂಡ್ತಿ ನನಗೆ ಅಲ್ಲೇ ಕೆಲಸ ಸಿಕ್ಕಿದೆ ಅಂದ್ಕೊಂಡಿದ್ದಾಳೆ." ಪೆಟ್ರೋಲ್ ಕಾರಿನ ಇನ್ನೊಬ್ಬರನ್ನು ಮಾತಾಡಿಸಿದೆ, ಅಲ್ಲೂ ಇದೇ ಕಥೆ, ಹಿಂದುಮುಂದು. ಮದುವೆಯಾದವರ ಹತ್ತಿರ ಮದುವೆಯ ಬಗ್ಗೆ ಕೇಳಿದಂತಾಯಿತು. ಸಭೆಯಲ್ಲಿ ಒಂದು ಮಾತು, ನಲ್ಲಿಯ ಹತ್ತಿರ ಇನ್ನೊಂದು.

ಕೊನೆಗೆ ಇಂದಿರಾನಗರದ ಒಂದು ಬಂಕಿನ ಎದುರು ನಿಂತು, ಪೆಟ್ರೋಲ್ ಹಾಕಿಸುವವರ ಮುಖ ಹೇಗಿರುತ್ತದೆ, ಡೀಸೆಲ್ ಹಾಕಿಸುವವರ ಮುಖ ಹೇಗಿರುತ್ತದೆ ಎಂದು ಎರಡು ಸಂಜೆ ಅಧ್ಯಯನ ಮಾಡಿದೆ. ಪೆಟ್ರೋಲಿನವರು ಮೀಟರ್ ನೋಡುತ್ತಾರೆ, ಡೀಸೆಲ್ಲಿನವರು ಆಕಾಶ ನೋಡುತ್ತಾರೆ. ಇದರಿಂದ ಏನು ತಿಳಿಯಬೇಕೋ ತಿಳಿಯಲಿಲ್ಲ. ಎರಡನೆಯ ಸಂಜೆ ಬಂಕಿನವನು ಬಂದು, "ಯಾರಿಗಾದ್ರೂ ಕಾಯ್ತಿದೀರಾ ಸಾರ್?" ಎಂದು ಸಂಶಯದಿಂದ ಕೇಳಿದ ಮೇಲೆ ಅಧ್ಯಯನ ನಿಂತಿತು.

ಇಷ್ಟೆಲ್ಲ ತಿರುಗಿ ನಾನು ಪೆಟ್ರೋಲಿಗೇ ಬಂದು ನಿಂತೆ, ಅದೂ ಹೆಂಡತಿಯ ಕಾರಣಕ್ಕೆ. ವೀಣೆಯ ಸ್ವರದ ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಬಿರಡೆ ಕೊಂಚ ಜಾರಿದರೂ ತಂತಿ ಸಡಿಲ. ಡೀಸೆಲ್ ಗಾಡಿಯೋ, ನಿಂತಲ್ಲೇ ಚಳಿಜ್ವರ ಬಂದವರ ಹಾಗೆ ನಡುಗುತ್ತದೆ. ವೀಣೆಗೆ ಪೆಟ್ರೋಲೇ ಸರಿ. ಈ ತರ್ಕ ನನಗೇ ಎಷ್ಟು ಹಿಡಿಸಿತೆಂದರೆ, ಸುಮಿತ್ರಾಗೆ ಹೇಳುವಾಗ ಗಂಟಲು ಸರಿಮಾಡಿಕೊಂಡು ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. "ಕೂರೋರು ನಾನು, ವೀಣೆ. ನಾವಿಬ್ರೂ ಬಂದು ಕೂತು ನೋಡ್ತೀವಿ. ಅವತ್ತೇ ಹೇಳ್ತೀನಿ" ಎಂದಳು. ವೀಣೆಯನ್ನು ಕಾರು ನೋಡಲು ಕರೆದುಕೊಂಡು ಹೋಗುವುದು ನನ್ನ ಇಷ್ಟು ದಿನದ ಸಂಶೋಧನೆಯಲ್ಲಿ ಎಲ್ಲೂ ಬಂದಿರಲಿಲ್ಲ.

ಶಿವಾಜಿನಗರದಲ್ಲಿ ಹಳೇ ಕಾರು ಕೊಡಿಸುವ ಚಾಂದ್ ಭಾಯಿ ಎರಡು ಕಾರು ನಿಲ್ಲಿಸಿಕೊಂಡಿದ್ದ. ಎರಡೂ ಒಂದೇ ಕಂಪನಿಯವು, ಒಂದೇ ಆಕಾರ, ಒಂದೇ ಬೂದಿ ಬಣ್ಣ, ಹೆಚ್ಚುಕಡಿಮೆ ಒಂದೇ ವಯಸ್ಸು. ಒಂದು ಪೆಟ್ರೋಲ್, ಒಂದು ಡೀಸೆಲ್. ಅವಳಿ ಹೆಣ್ಣುಮಕ್ಕಳನ್ನು ತೋರಿಸುವ ತಂದೆಯಂತೆ ನಡುವೆ ನಿಂತಿದ್ದ. ಆಟೋದಿಂದ ಕೌದಿಯಲ್ಲಿ ಸುತ್ತಿದ ವೀಣೆ ಇಳಿದಾಗ ಅವನ ಮುಖ ಬದಲಾಯಿತು.

"ಕ್ಯಾ ಸಾಬ್, ಟ್ರಯಲ್‌ಗೆ ಲಗೇಜ್ ಎಲ್ಲ ತಂದಿದ್ದೀರಾ?"

"ಅದು ಲಗೇಜ್ ಅಲ್ಲ ಭಾಯಿ, ವೀಣೆ" ಎಂದಳು ಸುಮಿತ್ರಾ.

"ಅಚ್ಛಾ, ಸಿತಾರ್" ಎಂದು ಅವನು ಗೌರವದಿಂದ ಬಾಗಿಲು ತೆಗೆದ.

ಮೊದಲು ಪೆಟ್ರೋಲ್ ಕಾರು. ಸುಮಿತ್ರಾ ಹಿಂದೆ ಕೂತು ವೀಣೆಯನ್ನು ಅಡ್ಡಲಾಗಿ ತೊಡೆಯ ಮೇಲಿಟ್ಟುಕೊಂಡಳು. ಅದರ ತುದಿಯ, ಸಿಂಹದಂಥ ಯಾಳಿ ಮುಖ ಕಿಟಕಿಯಿಂದ ಹೊರಗೆ ಇಣುಕಿ ಶಿವಾಜಿನಗರವನ್ನು ನೋಡತೊಡಗಿತು. ನಾನು ಮುಂದೆ. ಚಾಂದ್ ಭಾಯಿ ಕೀಲಿ ತಿರುಗಿಸಿದ್ದೇ ತಡ, ಇಂಜಿನ್ ಎದ್ದಿದ್ದೂ ತಿಳಿಯಲಿಲ್ಲ. ಬೆಣ್ಣೆಯ ಹಾಗೆ ಹೋಯಿತು. ನಾನು ಹಿಂದಕ್ಕೆ ತಿರುಗಿ, ಹೇಗಿದೆ ಎನ್ನುವ ಹಾಗೆ ಹುಬ್ಬು ಹಾರಿಸಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಕತ್ತು ಒಂದು ಪಕ್ಕಕ್ಕೆ ವಾಲಿಸಿ ಏನನ್ನೋ ಕೇಳುತ್ತಿದ್ದಳು. ಹಲಸೂರಿನ ಸಿಗ್ನಲ್ಲಿನಲ್ಲಿ ನಿಂತಾಗ ಇಂಜಿನ್ ತನ್ನಷ್ಟಕ್ಕೆ ಸಣ್ಣಗೆ ಏರಿತು, ಇಳಿಯಿತು, ಮತ್ತೆ ಏರಿತು.

"ಇದ್ಯಾಕೆ ಹೀಗೆ ಮೇಲೆ ಕೆಳಗೆ ಹೋಗತ್ತೆ?" ಎಂದಳು.

"ಪೆಟ್ರೋಲ್ ಅಂದ್ರೆ ಹಂಗೇ ಮೇಡಮ್. ಉಸಿರಾಡುತ್ತೆ" ಎಂದ ಚಾಂದ್ ಭಾಯಿ. ಗಾಡಿಯಲ್ಲಿ ಯಾವ ದೋಷ ತೋರಿಸಿದರೂ ಅದು ಜೀವಂತವಾಗಿರುವುದರ ಲಕ್ಷಣ ಎನ್ನುವುದು ಅವನ ಸಿದ್ಧಾಂತ.

ಆಮೇಲೆ ಡೀಸೆಲ್. ಕೀಲಿ ತಿರುಗಿಸಿ ಒಂದು ಕ್ಷಣ ಕಾಯಬೇಕು, ಒಳಗೆ ಬಿಸಿಯಾಗಲಿ ಎಂದ. ಕಾದೆವು. ಎದ್ದಿತು ನೋಡಿ, ತಗಡಿನ ಡಬ್ಬದಲ್ಲಿ ಹುಣಸೆಬೀಜ ಹಾಕಿ ಅಲ್ಲಾಡಿಸಿದ ಹಾಗೆ. ಸೀಟು ನಡುಗಿತು, ಕನ್ನಡಿ ನಡುಗಿತು, ವೀಣೆಯ ತಂತಿಗಳು ಯಾರೂ ಮುಟ್ಟದೆ ತಾವೇ ಝುಂ ಎಂದವು. ನನಗೆ ಒಳಗೊಳಗೇ ಸಂತೋಷ. ನನ್ನ ತರ್ಕಕ್ಕೆ ಇದಕ್ಕಿಂತ ಪುರಾವೆ ಬೇಕೇ. ಹಲಸೂರು ಕೆರೆ ದಾಟಿ ಹಳೇ ಮದ್ರಾಸ್ ರಸ್ತೆಗೆ ಬಂದೆವು. ಗಾಡಿ ಓಟಕ್ಕೆ ಬಿದ್ದ ಮೇಲೆ ಆ ಕಟಕಟ ಅಡಗಿ, ಗುಂಯ್ ಎನ್ನುವ ಒಂದು ದಪ್ಪ ನಾದ ಉಳಿಯಿತು.

"ಭಾಯಿ, ಹೀಗೇ ಹೋಗಿ" ಎಂದಳು ಸುಮಿತ್ರಾ ಇದ್ದಕ್ಕಿದ್ದಂತೆ.

"ಹೀಗೇ ಅಂದ್ರೆ?"

"ಹೀಗೇ. ಜಾಸ್ತಿನೂ ಬೇಡ, ಕಮ್ಮಿನೂ ಬೇಡ."

ಹಿಂದೆ ಒಂದು ತಂತಿ ಮಿಡಿದ ಸದ್ದು. ಅದು ಇಂಜಿನ್ನಿನ ನಾದದೊಳಕ್ಕೆ ಹೋಗಿ ಎಲ್ಲಿ ಕರಗಿತೋ ಗೊತ್ತಾಗಲಿಲ್ಲ. ನನಗೆ ಸಂಗೀತದ ಗಂಧವಿಲ್ಲ. ಆದರೂ ಎರಡು ಸದ್ದು ಒಂದಾದದ್ದು ನನ್ನಂಥವನ ಕಿವಿಗೂ ತಿಳಿಯಿತು. "ನನ್ನ ಷಡ್ಜ ಕಣ್ರೀ ಇದು" ಎಂದಳು, ಮೆಲ್ಲಗೆ. ಆಮೇಲೆ ಮೋಹನ ರಾಗ ಶುರುವಾಯಿತು. ಚಾಂದ್ ಭಾಯಿ ಮೊಟ್ಟೆ ಸಾಗಿಸುವವನ ಹಾಗೆ ಸ್ಟೀರಿಂಗ್ ಹಿಡಿದುಕೊಂಡು, ಹಿಂದಿನ ಲಾರಿ ಎಷ್ಟು ಬೈದರೂ ಅದೇ ವೇಗದಲ್ಲಿ ಹೋದ. ಕೆ.ಆರ್. ಪುರದ ದಾರಿಯಲ್ಲಿ ಎಷ್ಟೋ ದೂರ ಹಾಗೇ ಹೋದೆವು. ತಿರುಗಿ ಬಂದು ನಿಲ್ಲಿಸಿದ ಮೇಲೆ ಅವನು ಟೋಪಿ ಸರಿಮಾಡಿಕೊಂಡು ಹೇಳಿದ: "ಸಾಬ್, ಈ ಗಾಡಿಗೆ ಇಂಥ ಗುಣ ಇದೆ ಅಂತ ನಂಗೇ ಗೊತ್ತಿರ್ಲಿಲ್ಲ. ರೇಟು ಇನ್ನೊಂದ್ಸಲ ಮಾತಾಡ್ಬೇಕಾಗ್ತದೆ."

ನಾನು ಸುಮಿತ್ರಾಳನ್ನು ಪಕ್ಕಕ್ಕೆ ಕರೆದು, ನಡುಕ, ಮೇಣ, ಬಿರಡೆ, ಭಾನುವಾರದ ಗ್ಯಾರೇಜು ಎಲ್ಲವನ್ನೂ ನೆನಪಿಸಿದೆ. ಅವಳು ಕೌದಿ ಸುತ್ತುತ್ತ, "ನಡುಕಕ್ಕೆ ಇನ್ನೊಂದು ಕೌದಿ ಹಾಕಿದ್ರಾಯ್ತು" ಎಂದಳು. ಅದರ ತುದಿಗೆ ಗಂಟು ಬಿಗಿದು ಮತ್ತೆ ಹೇಳಿದಳು: "ಬುರುಡೆ ಒಡೆದದ್ದು ಅವತ್ತು ಒಂದೇ ದಿನ ಕಣ್ರೀ. ನಾನು ಕಚೇರಿ ಬಿಟ್ಟಿದ್ದು ಅದಕ್ಕಲ್ಲ. ಅವತ್ತು ವೇದಿಕೆ ಮೇಲೆ ಎರವಲು ವೀಣೆ ಹಿಡ್ಕೊಂಡು ಕೂತಾಗ ಕೈ ನಡುಗೋಕೆ ಶುರುವಾಯ್ತು. ನಿಲ್ಲಲೇ ಇಲ್ಲ. ಆಮೇಲೆ ಯಾರು ಕರೆದ್ರೂ ಅದೇ ನೆನಪು. ಈ ಗಾಡೀಲಿ ಶ್ರುತಿ ಕೇಳ್ತಾ ನುಡಿಸ್ಕೊಂಡು ಹೋದ್ರೆ, ಅಲ್ಲಿ ಸೇರೋ ಹೊತ್ತಿಗೆ ಕೈ ನಡುಕ ನಿಂತಿರತ್ತೆ ಅನ್ಸತ್ತೆ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಈ ಮಾತು ನನಗೆ ಗೊತ್ತಿರಲಿಲ್ಲ. ಕಂಡವರನ್ನೆಲ್ಲ ಇಂಜಿನ್ನಿನ ಬಗ್ಗೆ ಕೇಳಿದ್ದೆ. ಸೊಪ್ಪು ಬಿಡಿಸುತ್ತಿದ್ದವಳನ್ನು ಮಾತ್ರ, ಕಚೇರಿ ಯಾಕೆ ಬಿಟ್ಟೆ ಎಂದು ಸರಿಯಾಗಿ ಕೇಳಿರಲಿಲ್ಲ. ಚಾಂದ್ ಭಾಯಿ ಏರಿಸಿದ್ದರಲ್ಲಿ ಅರ್ಧದಷ್ಟನ್ನು ಇಳಿಸಿಕೊಂಡು ಡೀಸೆಲ್ ಕಾರನ್ನೇ ಮನೆಗೆ ತಂದೆವು. ಅಂದೇ ಸಂಜೆ ಅವಳು ವೆಂಕಟಾಚಲಯ್ಯ ಮಾವನಿಗೆ ಫೋನು ಮಾಡಿ ಹೂಂ ಅಂದಳು.

ರಾಮನವಮಿಯ ಆ ಸಂಜೆ ಗಾಡಿ ಓಡಿಸಿದವನು ನಾನು. ಬೆಂಗಳೂರಿನಲ್ಲಿ ವೇಗವಾಗಿ ಹೋಗುವುದು ಕಷ್ಟ, ನಿಧಾನವಾಗಿ ಹೋಗುವುದೂ ಕಷ್ಟ. ಆದರೆ ಒಂದೇ ವೇಗದಲ್ಲಿ ಹೋಗುವುದಿದೆಯಲ್ಲ, ಅದು ತಪಸ್ಸು. ಜೀವನ್ ಬಿಮಾ ನಗರದ ಗಲ್ಲಿಗಳಿಂದ ಹಳೇ ಮದ್ರಾಸ್ ರಸ್ತೆಗೆ ಬಿದ್ದದ್ದೇ ಹಿಂದಿನಿಂದ ಅಪ್ಪಣೆ ಶುರುವಾಯಿತು: "ಸ್ವಲ್ಪ ಏರ್ತಿದೆ ರೀ." ನಾನು ಕಾಲು ಸಡಿಲಿಸುವೆ. "ಈಗ ಇಳೀತು." ಒತ್ತುವೆ. "ಹಾಂ, ಅಲ್ಲೇ. ಅಲ್ಲೇ ಇರಿ." ಎದುರಿಗೆ ಹಸು ಅಡ್ಡ ಬರಲಿ, ಬಸ್ಸು ಮೈಮೇಲೇ ಬರಲಿ, ಅಲ್ಲೇ ಇರಬೇಕು. ಬೈಕಿನವನೊಬ್ಬ ಪಕ್ಕಕ್ಕೆ ಬಂದು, "ಅಂಕಲ್, ಮೆರವಣಿಗೆನಾ?" ಎಂದು ಕೇಳಿದ. ಕಿಟಕಿಯಲ್ಲಿದ್ದ ಯಾಳಿಯನ್ನು ನೋಡಿ ಕೈಮುಗಿದು ಮುಂದೆ ಹೋದ. ಸಿಗ್ನಲ್ಲು ಬಂದಾಗಲೆಲ್ಲ ರಾಗ ನಿಲ್ಲುತ್ತಿತ್ತು, ಹಸಿರು ಬಂದ ಮೇಲೆ ಮತ್ತೆ ಬಿಟ್ಟಲ್ಲಿಂದ ಮುಂದುವರಿಯುತ್ತಿತ್ತು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಮಂಡಳಿಯ ಬಾಗಿಲಲ್ಲಿ ನಿಲ್ಲಿಸಿದಾಗ ವೆಂಕಟಾಚಲಯ್ಯ ಮಾವ ಮಂಡಿ ಹಿಡಿದುಕೊಂಡೇ ಮೆಟ್ಟಿಲಿಳಿದು ಬಂದರು. ಸುಮಿತ್ರಾ ಇಳಿದು ತನ್ನ ಎರಡೂ ಕೈಗಳನ್ನು ಬೆಳಕಿಗೆ ಚಾಚಿ ಒಮ್ಮೆ ನೋಡಿಕೊಂಡಳು. ಬೆರಳುಗಳು ಗೋಡೆಗೆ ಹೊಡೆದ ಗೂಟದಂತೆ ನಿಂತಿದ್ದವು. ಯಾರ ಕಡೆಗೂ ನೋಡದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ವೀಣೆ ಎತ್ತಿಕೊಂಡು ಒಳಗೆ ಹೋದಳು. ಮಾವ ನನ್ನನ್ನು ಕರೆದರು: "ನೀವೂ ಬನ್ನಿ, ಮುಂದಿನ ಸಾಲಲ್ಲಿ ಜಾಗ ಹಿಡಿದಿದ್ದೀನಿ. ಶುರುವಾಗೇ ಬಿಡ್ತು." ಬರುತ್ತೇನೆ, ನೀವು ನಡೆಯಿರಿ ಎಂದೆ. ಅವಳ ಮೊದಲ ಕೃತಿಯನ್ನು ನಾನು ಕೇಳಿದ್ದು ಕಾರಿನಲ್ಲಿ ಕೂತೇ. ಇಳಿದು ಬರೋಣವೆಂದರೆ, ಷಡ್ಜ ಹಿಡಿದಿದ್ದ ನನ್ನ ಬಲಗಾಲು ಇನ್ನೂ ಗಡಗಡ ನಡುಗುತ್ತಿತ್ತು.