ಹಾವಗೆಪ್ಪ ಸೇಠನ ಆಗಬೋಟಿನ ಸೈರು

“ಔರಾದಿನ ಬಸವಣ್ಣೆಪ್ಪ ತನ್ನ ಹೆಂಡ್ತಿನ್ನ ಮೋಟಾರದಾಗ ಕೂಡಿಸಿ ಹೈದರಾಬಾದ ತೋರಿಸಿಕೊಂಡು ಬಂದ, ಹೌದಿಲ್ಲೋ? ನಾ ನನ್ನ ಮನಿಯಾಕಿಗಿ ಸಮುದ್ರಾನೇ ತೋರಸ್ತೇನಿ! ಅದೂ ದಂಡಿಮ್ಯಾಲ ನಿಂತು ಅಲ್ಲ, ಆಗಬೋಟಿನಾಗ ಕೂತು, ನಟ್ಟನಡು ನೀರಾಗ!”

ಭಾಲ್ಕಿ ಬಜಾರಿನ ಬೆಲ್ಲ-ಬೇಳೆ ವ್ಯಾಪಾರಿ ಹಾವಗೆಪ್ಪ ಈ ಘೋಷಣೆಯನ್ನು ತನ್ನ ಗಾದಿಯ ಮೇಲೆ ಎದ್ದು ನಿಂತು ಮಾಡಿದ. ಕೂತು ಹೇಳಿದ್ದರೂ ನಡೆಯುತ್ತಿತ್ತು. ಆದರೆ ಬಸವಣ್ಣೆಪ್ಪನ ಹೆಂಡತಿ ಆರು ತಿಂಗಳಿಂದ ಸಿಕ್ಕಸಿಕ್ಕವರಿಗೆ ಚಾರಮಿನಾರಿನ ವರ್ಣನೆ ಮಾಡುತ್ತಿರುವಾಗ ಯಾವ ಗಂಡಸು ತಾನೇ ಕೂತಿರಬಲ್ಲ!

ಪಕ್ಕದ ಅಂಗಡಿಯಲ್ಲಿ ಅತ್ತರು ಮಾರುತ್ತಿದ್ದ ಅಬ್ದುಲ ವಾಹೀದ ಶೀಶೆಯಿಂದ ಕಣ್ಣೆತ್ತಿದ. “ಸೇಠ, ಹೋದ ಮಳಿಗಾಲದಾಗ ಹಲಬರ್ಗಾದ ಹಂತೇಲಿ ಹೊಳಿ ದಾಟೋವಾಗ ನೀವು ಬಂಡಿಗೂಟ ಎರಡೂ ಕೈಲೆ ಹಿಡಕೊಂಡು ಕಣ್ಣು ಮುಚ್ಚಿದ್ರಿ. ನೀರು ಎತ್ತಿನ ಮೊಣಕಾಲಿಗೂ ಇರ್ಲಿಲ್ಲ.”

“ಅದು ಹೊಳಿ, ವಾಹೀದಮಿಯಾ! ಹೊಳಿಗಿ ಬುದ್ಧಿ ಇರಂಗಿಲ್ಲ. ಸಮುದ್ರ ದೊಡ್ಡದು. ದೊಡ್ಡವರ ಜೋಡಿ ದೊಡ್ಡಸ್ತಿಕಿಲಿಂದ ನಡಕೋತದ!”

ವಾಹೀದ ಇದನ್ನು ನಗೆಯಲ್ಲಿ ತೇಲಿಸಿಬಿಡಬಹುದಿತ್ತು. ಆದರೆ ಅವನ ಸೋದರಮಾವನ ಮಗ ಶರಫೋದ್ದೀನ ಮುಂಬಯಿ ಬಂದರಿನಲ್ಲಿ ಕೆಲಸಕ್ಕಿದ್ದ. ವಾಹೀದನ ಒಂದು ಮಾತಿಗೆ ಶರಫೋದ್ದೀನ, ಮುಂಬಯಿಯಿಂದ ಕೊಲಂಬೊಕ್ಕೆ ಹೋಗಿಬರುವ ದೊಡ್ಡ ಜಹಾಜಿನಲ್ಲಿ ಗಂಡಹೆಂಡಿರಿಬ್ಬರಿಗೆ ಒಂದು ಖೋಲಿಯನ್ನು ಗಟ್ಟಿಮಾಡಿಯೇ ಬಿಟ್ಟ. ಇನ್ನು ಹಿಂದೆ ಸರಿಯುವ ದಾರಿ ಇರಲಿಲ್ಲ. ಸುದ್ದಿ ಆಗಲೇ ಔರಾದು ಮುಟ್ಟಿತ್ತು. ಮುಟ್ಟಿಸಿದವನು ಸ್ವತಃ ಹಾವಗೆಪ್ಪನೇ!

ಹಾವಗೆಪ್ಪನ ಹೆಂಡತಿ ಶಿವಕಾಂತಾ. ಇಬ್ಬರ ಲಗ್ನವಾಗಿ ಹದಿನೈದು ವರ್ಷ. ಮನೆಯಲ್ಲಿ ತಾಯಿ, ಚಿಕ್ಕಪ್ಪ, ತಮ್ಮಂದಿರು, ನೆಗೆಣ್ಣಿಯರು, ಎರಡು ಸಾಲು ಮಕ್ಕಳು. ಹಿರಿಯರ ಮುಂದೆ ಗಂಡಹೆಂಡಿರು ಎದುರುಬದುರು ಮಾತಾಡುವ ಪದ್ಧತಿ ಇರಲಿಲ್ಲ. ಅಡುಗೆಮನೆಯಲ್ಲಿ ಉಪ್ಪು ಮುಗಿದರೆ ಶಿವಕಾಂತಾ ನೆಗೆಣ್ಣಿಗೆ ಹೇಳಬೇಕು, ನೆಗೆಣ್ಣಿ ಅತ್ತೆಗೆ, ಅತ್ತೆ ಮಗನಿಗೆ. ಅಷ್ಟು ಬಾಯಿ ದಾಟುವಷ್ಟರಲ್ಲಿ ಉಪ್ಪು ಬೆಲ್ಲವಾದದ್ದೂ ಉಂಟು. ಹೀಗಾಗಿ ಹೇಳಲೇಬೇಕಾದ ಮಾತುಗಳಷ್ಟೇ ಹೇಗೋ ಸಾಗುತ್ತಿದ್ದವು. ಸುಮ್ಮನೆ ಆಡುವ ಮಾತುಗಳೆಲ್ಲ ಒಳಗೇ ಉಳಿಯುತ್ತಿದ್ದವು.

ಹೊರಡುವ ದಿನ ತಾಯಿ ರುಕ್ಮಿಣಿಬಾಯಿ ಮಗನಿಗೆ ಹೇಳಿದಳು. “ಸೊಸಿ ಮ್ಯಾಲ ಕಣ್ಣಿಡಪಾ. ಆಕಿ ಬೀದರ ಬಜಾರ ಸುದ್ದಾ ಸರಿ ನೋಡಿಲ್ಲ. ಎಲ್ಲೆರೆ ತಪ್ಪಿಸ್ಕೊಂಡಾಳು.”

“ಅವ್ವಾ, ನಾ ಇದ್ದಲ್ಲಿ ಆಕಿ ಹ್ಯಾಂಗ ತಪ್ಪಿಸ್ಕೋತಾಳ!” ಎಂದು ಹಾವಗೆಪ್ಪ ಮೀಸೆ ತಿರುವಿದ.

ಕಟಕ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಉಪ್ಪಿನಕಾಯಿ ಭರಣಿ, ಎರಡು ಕಂಬಳಿ, ಹೊಸ ಸಾಬೂನು ಎಲ್ಲ ಗಂಟು ಬಿದ್ದವು. ಸೈರಿಗೆ, ಅಂದರೆ ವಿಹಾರಕ್ಕೆ, ಹೊರಟವನಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಸೈರಣೆ. ಹಾವಗೆಪ್ಪ ಅದೊಂದನ್ನು ಮಾತ್ರ ಕಟ್ಟಿಕೊಳ್ಳಲಿಲ್ಲ.

ಆಗಿನ್ನೂ ರೈಲೇ ನಮ್ಮ ಸೀಮೆಗೆ ಹೊಸದು. ರೈಲು ಹತ್ತಿ, ರೈಲು ಬದಲಿಸಿ, ಮುಂಬಯಿ ಮುಟ್ಟಿ ಜಹಾಜಿನ ಮುಂದೆ ನಿಂತಾಗ ಹಾವಗೆಪ್ಪನ ಬಾಯಿ ಮೊದಲ ಸಲ ಒಣಗಿತು. ಬೀದರ ಕೋಟೆಯನ್ನು ಬುಡಸಮೇತ ಕಿತ್ತು ಸುಣ್ಣ ಬಳಿದು ನೀರಿಗೆ ಬಿಟ್ಟಂತಿತ್ತು ಅದು! ಮೇಲೆ ಮೂರು ಹೊಗೆಕೊಳವೆ. ಒಳಗೆ ಓಣಿಗಳು, ಓಣಿಯೊಳಗೆ ಓಣಿಗಳು. ಅವರ ಖೋಲಿಗೆ ಒಂದು ದುಂಡು ಕಿಟಕಿ. ಅದರ ತುಂಬ ಸಮುದ್ರ.

ಜಹಾಜು ಬಿಟ್ಟಿತು. ಬಾಗಿಲು ಮುಚ್ಚಿತು. ಹದಿನೈದು ವರ್ಷದಲ್ಲಿ ಮೊದಲ ಸಲ ಹಾಡಹಗಲು ಇಬ್ಬರೇ!

ಇಬ್ಬರೂ ಎದುರುಬದುರು ಹಾಸಿಗೆಯ ಮೇಲೆ ಕೂತರು. ಶಿವಕಾಂತಾ ಕಿಟಕಿ ನೋಡಿದಳು. ಹಾವಗೆಪ್ಪ ಉಪ್ಪಿನಕಾಯಿ ಭರಣಿ ನೋಡಿದ. ಬಹಳ ಹೊತ್ತಿನ ಮೇಲೆ ಅವಳು ಭರಣಿಯನ್ನೇ ಉದ್ದೇಶಿಸಿ ಕೇಳಿದಳು. “ಊಟಾ ಮಾಡ್ತಾರೇನಂತ?”

“ಹೂಂ, ಮಾಡ್ತಾರಂತ,” ಎಂದ ಹಾವಗೆಪ್ಪ, ಅವನೂ ಭರಣಿಗೇ.

ಇಷ್ಟು ದೂರ ಸಮುದ್ರಕ್ಕೆ ಕರೆತಂದ ಹೆಂಡತಿಯ ಜೊತೆ ಏನು ಮಾತಾಡಬೇಕು ಎನ್ನುವುದನ್ನು ಶರಫೋದ್ದೀನ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಹಾವಗೆಪ್ಪ ಪೂಜೆಗೆ ಮುಂಚೆ ಸ್ನಾನಕ್ಕೆಂದು ಕೆಂಪು ದಡಿಯ ಧೋತರ ಉಟ್ಟು, ಸಾಬೂನು ಹಿಡಿದು ಓಣಿಯ ಕೊನೆಯ ಬಚ್ಚಲಿಗೆ ಹೋದ. ದೊಡ್ಡ ತೊಟ್ಟಿಯ ತುಂಬ ಬಿಸಿನೀರು, ಪಕ್ಕದ ಹಲಗೆಯ ಮೇಲೆ ಸಣ್ಣದೊಂದು ಬಕೀಟಿನಲ್ಲಿ ಬೇರೆ ನೀರು. ಬಚ್ಚಲು ನೋಡಿಕೊಳ್ಳುವ ಗೋವೆಯ ಮನುಷ್ಯ ಹಿಂದೂಸ್ತಾನಿಯಲ್ಲಿ ಏನೋ ವಿವರಿಸಲು ಬಾಯಿ ತೆರೆದ.

“ನನಗ ಮೈ ತೊಳಕೊಳ್ಳಾದು ಕಲಸ್ತಿಯೇನು? ನಡಿ ನಡಿ!” ಎಂದು ಹಾವಗೆಪ್ಪ ಬಾಗಿಲು ಹಾಕಿದ. ಬಕೀಟು ಇಷ್ಟು ಸಣ್ಣದಿದೆಯೆಂದರೆ ಅದು ಕಾಲಿಗೇ ಇರಬೇಕು ಎಂದು ತೀರ್ಮಾನಿಸಿ ಆ ನೀರನ್ನೆಲ್ಲ ಮೊದಲೇ ಕಾಲಿಗೆ ಸುರಿದುಕೊಂಡ.

ತೊಟ್ಟಿಯಲ್ಲಿದ್ದದ್ದು ಸಮುದ್ರದ ನೀರು! ಸಾಬೂನಿಗೆಂದು ಇಟ್ಟಿದ್ದ ಸಿಹಿನೀರು ಆ ಸಣ್ಣ ಬಕೀಟಿನಲ್ಲಿದ್ದಷ್ಟೇ. ಉಪ್ಪುನೀರಿಗೆ ಸಾಬೂನು ಕೂಡಿಬರುವುದಿಲ್ಲ ಎಂಬ ಸಂಗತಿಯನ್ನು ಭಾಲ್ಕಿಯ ಬಾವಿಗಳು ಅವನಿಗೆ ಹೇಳಿಕೊಟ್ಟಿರಲಿಲ್ಲ. ನೊರೆ ಬರಲಿಲ್ಲವೆಂದು ಇನ್ನಷ್ಟು ತಿಕ್ಕಿದ. ಆಗಲೂ ಬರಲಿಲ್ಲವೆಂದು ತಲೆ, ಮೀಸೆ, ಹುಬ್ಬು ಎಲ್ಲಕ್ಕೂ ತಿಕ್ಕಿದ. ಸಾಬೂನು ಒಡೆದ ಹಾಲಿನಂತೆ ಮುದ್ದೆಯಾಗಿ ಮೈತುಂಬ ಅಂಟಿತು. ತೊಳೆದಷ್ಟೂ ಅಂಟು, ಉಜ್ಜಿದಷ್ಟೂ ಜಿಗಟು. ಮೀಸೆಯ ಎರಡು ತುದಿ ಆಕಾಶ ನೋಡುತ್ತ ಗಟ್ಟಿಯಾದವು. ಕಣ್ಣುಗಳೋ, ಮೆಣಸಿನಕಾಯಿ ಅರೆದು ಹಚ್ಚಿದಂತೆ ಉರಿಯತೊಡಗಿದವು!

ಒದ್ದೆ ಧೋತರ ಸುತ್ತಿಕೊಂಡು, ಅರ್ಧ ಕಣ್ಣು ತೆರೆದು, ಗೋಡೆ ತಡವುತ್ತ ಹಾವಗೆಪ್ಪ ಖೋಲಿಗೆ ಓಡಿದ. ಆದರೆ ಯಾವ ಖೋಲಿ? ಎಲ್ಲ ಬಾಗಿಲೂ ಬಿಳಿ, ಎಲ್ಲ ಹಿಡಿಕೆಯೂ ಹಿತ್ತಾಳೆ! ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ, ಇದೇ ಇರಬೇಕೆಂದು ಒಂದು ಬಾಗಿಲು ದೂಡಿದ. ಹಾಸಿಗೆಯ ಮೇಲೆ ಯಾರೋ ತಲೆತುಂಬ ಹೊದ್ದು ಮಲಗಿದ್ದರು.

“ಏ, ಏಳ! ಲಗೂ ನೀರು ಕೊಡು, ಕಣ್ಣು ಉರಿಲತ್ತಾವ!” ಎಂದು ಕಾಲು ಹಿಡಿದು ಅಲುಗಿಸಿದ.

ಹೊದಿಕೆಯೊಳಗಿನಿಂದ ಎದ್ದದ್ದು ಶಿವಕಾಂತಾ ಅಲ್ಲ. ಬೊಚ್ಚು ಬಾಯಿಯ ಒಬ್ಬ ಪಾರ್ಸಿ ಮುದುಕ! ಕಾಲಬುಡದಲ್ಲಿ ಬೆಳ್ಳಗೆ ಮೆತ್ತಿಕೊಂಡ ಒಂದು ಆಕೃತಿ ನೀರು ಬೇಡುತ್ತಿರುವುದನ್ನು ಕಂಡು ಆತ ಜಹಾಜು ನಡುಗುವಂತೆ ಕಿರುಚಿದ. “ಭೂತ! ಭೂತ!”

ಭೂತ ಅವನಿಗಿಂತ ಹೆಚ್ಚು ಹೆದರಿ ಓಟ ಕಿತ್ತಿತು. ಮುದುಕ ಕೋಲು ಹಿಡಿದು ಬೆನ್ನು ಹತ್ತಿದ. ಹಾವಗೆಪ್ಪ ಸಿಕ್ಕ ಮೊದಲ ಕಿರುಬಾಗಿಲೊಳಗೆ ನುಗ್ಗಿ ಅದನ್ನು ಎಳೆದುಕೊಂಡ. ಖಟ್ ಎಂದು ಅಗಳಿ ಬಿತ್ತು. ಅದು ಹಾಸಿಗೆಬಟ್ಟೆ ಪೇರಿಸಿಡುವ ಕತ್ತಲೆ ಖೋಲಿ. ಒಳಗಿನಿಂದ ತೆಗೆಯಲು ಹಿಡಿಕೆಯೇ ಇರಲಿಲ್ಲ!

ಕೂಗಬಹುದಿತ್ತು. ಆದರೆ ಹೊರಗೆ ಮುದುಕನ ಕೋಲಿನ ಸದ್ದು, ಸೇರುತ್ತಿದ್ದ ಜನರ ಗುಜುಗುಜು. ಭಾಲ್ಕಿಯ ಸೇಠ ಅರೆಬೆತ್ತಲೆ ಭೂತವಾಗಿ ಸಿಕ್ಕಿಬಿದ್ದ ಸುದ್ದಿ ಔರಾದಿಗೆ ಮುಟ್ಟಿದರೆ? ಹಾವಗೆಪ್ಪ ಒಂದು ಬಿಳಿ ಚಾದರು ಹೊದ್ದು, ಗುಂಪು ಕರಗುವವರೆಗೆ ಸುಮ್ಮನಿರಲು ನಿಶ್ಚಯಿಸಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತ.

ಸ್ವಲ್ಪ ಹೊತ್ತಿಗೆ ಓಣಿಯಲ್ಲಿ ಒಂದು ಅಳುವ ದನಿ ಕೇಳಿತು. ಶಿವಕಾಂತಾ! ಅವಳ ಜೊತೆಗಿದ್ದದ್ದು ಪಕ್ಕದ ಖೋಲಿಯ ಮಹಮೂದಾ ಬೇಗಂ. ಬೀದರಿನವಳು, ಕನ್ನಡ, ಉರ್ದು ಎರಡೂ ಬಲ್ಲವಳು, ಕೊಲಂಬೊದಲ್ಲಿದ್ದ ಗಂಡನ ಬಳಿಗೆ ಹೊರಟಿದ್ದಳು. ಇಬ್ಬರೂ ಜಹಾಜಿನ ಗೋರಾ ಅಧಿಕಾರಿಯೊಬ್ಬನನ್ನು ಕರೆದುಕೊಂಡು ಸರಿಯಾಗಿ ಆ ಕಿರುಬಾಗಿಲ ಮುಂದೆಯೇ ಬಂದು ನಿಂತರು.

“ಸ್ನಾನಕ್ಕಂತ ಹೋದವರು ಇನ್ನಾ ಬಂದಿಲ್ರಿ ಬೇಗಮರ! ಎಲ್ಲಾ ಕಡೆ ಹುಡುಕಿದೆ. ಇವರಿಗಿ ಏನರೆ ಆದ್ರ ನಾ ಹ್ಯಾಂಗ ಬದಕ್ಲಿರಿ!” ಶಿವಕಾಂತಾ ಬಿಕ್ಕುತ್ತಿದ್ದಳು.

ಹಾವಗೆಪ್ಪ ಬಾಗಿಲಿಗೆ ಕಿವಿ ಹಚ್ಚಿದ. ಅವನಿಗಾಗಿ ಅವಳು ಅಳುವುದನ್ನು ಅವನು ಕೇಳಿದ್ದು ಅದೇ ಮೊದಲು.

“ನಾಮ್ ಕ್ಯಾ ಹೈ?” ಎಂದ ಅಧಿಕಾರಿ.

“ಹೆಸರು ಕೇಳಲತ್ತಾನವ್ವಾ,” ಎಂದಳು ಬೇಗಂ.

“ಅಯ್ಯ, ಗಂಡನ ಹೆಸರು ನಾ ಬಾಯಿಲಿಂದ ಹ್ಯಾಂಗ ಹೇಳ್ಲಿರಿ!”

ಹೆಸರಿಲ್ಲದಿದ್ದರೆ ಆಳು ಹೇಗಿದ್ದಾನೆಂದಾದರೂ ಹೇಳಲಿ ಎಂದ ಅಧಿಕಾರಿ. ಹೊರಗೆ ಬಿಕ್ಕುವುದು ಥಟ್ಟನೆ ನಿಂತಿತು. ಒಳಗೆ ಹಾವಗೆಪ್ಪ ತನ್ನ ವರ್ಣನೆಗೆ ತಕ್ಕಂತೆ ಬೆನ್ನು ನೆಟ್ಟಗೆ ಮಾಡಿಕೊಂಡ.

“ಎತ್ತರ ಸಾಧಾರಣ್ರಿ,” ಎಂದು ಶುರು ಮಾಡಿದಳು ಶಿವಕಾಂತಾ. ದನಿ ಗಟ್ಟಿಯಾಗಿತ್ತು. “ಆದರ ಮಾತಾಡೋವಾಗ ಮಾಳಗಿ ಮುಟ್ತಾರ. ಹೊಟ್ಟಿ ಅವರಕಿಂತ ಒಂದು ಹೆಜ್ಜಿ ಮೊದಲೇ ಮನಿಗಿ ಬರ್ತದ.”

ಹಾವಗೆಪ್ಪ ಹೊಟ್ಟೆಯನ್ನು ಒಳಗೆಳೆದುಕೊಂಡ.

“ಊಟದಾಗ ಉಪ್ಪು ಹೆಚ್ಚಾದ್ರ ಊರಿಗೇ ಕೇಳಿಸ್ತಾರ. ರುಚಿ ಆದ್ರ ಬಾಯಿಗಿ ಕೀಲಿ! ಇಷ್ಟು ವರ್ಷಾತು, ಪಲ್ಯ ಚಲೋ ಆಗ್ಯಾದ ಅಂತ ಒಂದು ದಿನ ಅಂದಿಲ್ರಿ.”

“ಕ್ಯಾ ಬೋಲತೀ ಹೈ?” ಎಂದ ಅಧಿಕಾರಿ.

“ಬೋಲತೀ ಹೈ, ಬಹುತ್ ಖಾಮೋಶ್ ಆದಮೀ ಹೈಂ ಸಾಬ್,” ಎಂದಳು ಬೇಗಂ. ಬಹಳ ಮೌನಿಯಂತೆ!

“ಹೊಸಾ ಸೀರಿ ತಂದ್ರ ಅವ್ವನ ಕೈಯಾಗ ಕೊಟ್ಟು ಅಂಗಡಿಗಿ ಓಡ್ತಾರ. ಉಟ್ಟ ಮ್ಯಾಲ ನೋಡೇ ಇಲ್ಲ ಅನ್ನೋಹಾಂಗ ನೋಡ್ತಾರ. ಹೋದ ವರ್ಷ ನನಗ ಜ್ವರಾ ಬಂದಾಗ ಅಂಗಡಿ ಮುಚ್ಚಿ ಹಿತ್ತಲದಾಗ ಕೂತಿದ್ರು. ಯಾಕಂತ ಅವ್ವ ಕೇಳಿದ್ರ, ಬೆಲ್ಲದ ಭಾವ ಬಿದ್ದಾದ ಅಂದ್ರು. ಭಾವ ಬಿದ್ದಿದ್ದು ಖರೇರಿ. ಆದರ ಬೆಲ್ಲದ್ದಲ್ಲ!”

ಕತ್ತಲೆಯಲ್ಲಿ ಹಾವಗೆಪ್ಪ ಚಾದರಿನಿಂದ ಕಣ್ಣೊರೆಸಿಕೊಂಡ. ಸಾಬೂನಿನ ಉರಿ ಎಂದು ತನಗೆ ತಾನೇ ಸಮಜಾಯಿಷಿ ಹೇಳಿಕೊಂಡ. ಇಷ್ಟೆಲ್ಲ ಇವಳಿಗೆ ಗೊತ್ತಿತ್ತೆ! ಗೊತ್ತಿದ್ದೂ ಇಷ್ಟು ದಿನ ಉಪ್ಪು ಮುಗಿದದ್ದನ್ನಷ್ಟೇ ಹೇಳಿ ಕಳಿಸುತ್ತಿದ್ದಳೆ!

ಅಷ್ಟರಲ್ಲಿ ಅಧಿಕಾರಿಯ ಸಹನೆ ಮುಗಿಯಿತು. ಆಳು ನೀರಿಗೆ ಬಿದ್ದಿರಬೇಕು, ಜಹಾಜು ನಿಲ್ಲಿಸಬೇಕು, ದೋಣಿ ಇಳಿಸಬೇಕು ಎಂದು ಅವನು ಕೂಗಿದ. ಎಲ್ಲಿಯೋ ಗಂಟೆ ಮೊಳಗತೊಡಗಿತು. ಕಾಲುಗಳು ದಡದಡ ಓಡಿದವು. “ಮೊದಲು ಭೂತ ಹಿಡಿಯಿರಿ!” ಎಂದು ಪಾರ್ಸಿ ಮುದುಕ ತನ್ನ ಹಿಂದೂಸ್ತಾನಿಯಲ್ಲಿ ಚೀರುತ್ತಿದ್ದ. ತನ್ನೊಬ್ಬನಿಗಾಗಿ ಇಡೀ ಜಹಾಜು ಸಮುದ್ರದ ನಡುವೆ ನಿಲ್ಲುವುದೆಂದು ತಿಳಿದು ಹಾವಗೆಪ್ಪ ದಡಕ್ಕನೆ ಎದ್ದು ನಿಂತ. ಈಗ ಕೂಗಬೇಕು! ಆದರೆ ಏನೆಂದು?

ಆಗ ಶಿವಕಾಂತಾಳ ದನಿ ಗಂಟೆಯನ್ನೂ ಮೀರಿ ಎದ್ದಿತು.

“ಏ ಹಾವಗೆಪ್ಪಾ!”

ಊರ ಸಾಲಿಯಲ್ಲಿ ಮಾಸ್ತರ ಹಾಜರಿ ಕರೆದಾಗ ಅಂದ ಹಾಗೆ, ಒಳಗಿನಿಂದ ತಂತಾನೇ ಉತ್ತರ ಹೊರಬಿತ್ತು. “ಹಾಜಿರ್, ಜನಾಬ್!”

ಅಧಿಕಾರಿ ಅಗಳಿ ತೆಗೆದ. ಬಿಳಿ ಚಾದರು, ಬಿಳಿ ಮೈ, ಬಿಳಿ ಹುಬ್ಬು, ಆಕಾಶ ನೋಡುವ ಮೀಸೆ! ಪಾರ್ಸಿ ಮುದುಕ ಎರಡು ಹೆಜ್ಜೆ ಹಿಂದೆ ಹಾರಿದ. ಶಿವಕಾಂತಾ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. ತುಟಿ ಕಚ್ಚಿಕೊಂಡಳು, ಸೆರಗು ಅಡ್ಡ ಹಿಡಿದಳು, ಯಾವುದೂ ಸಾಲಲಿಲ್ಲ. ಹೊಟ್ಟೆ ಹಿಡಿದುಕೊಂಡು ಓಣಿ ತುಂಬುವಂತೆ ನಕ್ಕಳು. ಬೇಗಂ ನಕ್ಕಳು, ಅಧಿಕಾರಿ ನಕ್ಕ, ಕೊನೆಗೆ ಪಾರ್ಸಿ ಮುದುಕನೂ ಬೊಚ್ಚುಬಾಯಿ ತೆರೆದು ನಕ್ಕ. ಅವಮಾನದಿಂದ ಕುಗ್ಗಬೇಕಾದ ಹಾವಗೆಪ್ಪ ಹೆಂಡತಿಯ ನಗುವನ್ನೇ ನೋಡುತ್ತ ನಿಂತುಬಿಟ್ಟ. ಅವಳಿಗೆ ನಕ್ಕಾಗ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ!

ಗೋವೆಯವನಿಂದ ಎರಡು ಬಕೀಟು ಸಿಹಿನೀರು ಬೇಡಿ ತಂದು ಶಿವಕಾಂತಾ ಗಂಡನ ತಲೆ ತೊಳೆದಳು. ಮಧ್ಯಾಹ್ನ ರೊಟ್ಟಿಯ ಜೊತೆ ಹಿಂಡಿ ಬಡಿಸಿದಾಗ ಹಾವಗೆಪ್ಪ ಒಂದು ತುತ್ತು ನುಂಗಿ, ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಭರಣಿಯನ್ನಲ್ಲ, ಅವಳನ್ನೇ ನೋಡಿ ಹೇಳಿದ. “ಹಿಂಡಿ ಚಲೋ ಆಗ್ಯಾದ.”

ಸಂಜೆ ಇಬ್ಬರೂ ಜಹಾಜಿನ ಮೇಲಿನ ಬಯಲು ಅಟ್ಟಕ್ಕೆ ಹೋಗಿ ಕುರ್ಚಿಯಲ್ಲಿ ಕೂತರು. ಸಮುದ್ರ ಬಂಗಾರದ ಬಣ್ಣಕ್ಕೆ ತಿರುಗಿತ್ತು. ತಂಗಾಳಿಗೆ ಹಾವಗೆಪ್ಪನ ಪ್ರತಿಷ್ಠೆ ಮೆಲ್ಲಗೆ ತಲೆ ಎತ್ತಿತು.

“ಖರೇ ಹೇಳ್ಬೇಕಂದ್ರ, ನಾ ಬೇಕಂತೇ ಒಳಗ ಸುಮ್ಮ ಕೂತಿದ್ದೆ. ನೀ ಏನ ಮಾಡ್ತಿ ನೋಡೋಣ ಅಂತ.”

“ಹೌದೇನ್ರಿ?” ಎಂದಳು ಶಿವಕಾಂತಾ. “ನಾನೂ ಬೇಕಂತೇ ಲಗೂ ಕರೀಲಿಲ್ರಿ.”

“ಅಂದ್ರ?”

“ಅಳಕೋತ ಬಂದಿದ್ದು ಖರೇರಿ. ಆ ಸಾಹೇಬ ಗುರುತು ಕೇಳಿದಾಗ ತೆಳಗ ನೋಡ್ತೇನಿ, ಬಾಗಿಲ ಸಂದಿಲಿಂದ ನಿಮ್ಮ ಧೋತರದ ಕೆಂಪು ದಡಿ ಗೇಣುದ್ದ ಹೊರಗ ಬಂದಾದ! ಹದಿನೈದು ವರ್ಷದಾಗ ಒಮ್ಮೆ ನೀವು ಅಡ್ಡ ಮಾತಾಡದ ಕೂತು ಕೇಳಲತ್ತಿದ್ರಿ. ಅಷ್ಟು ಲಗೂ ಬಾಗಿಲಾ ತೆಗಸ್ತಾರೇನ್ರಿ ಯಾರರೆ?”

ಹಾವಗೆಪ್ಪ ಸಮುದ್ರ ನೋಡಿದ. ಆಮೇಲೆ ಬಹಳ ಮೆತ್ತಗೆ ಕೇಳಿದ. “ಮಾತೆಲ್ಲಾ ಮುಗದವೇನು?”

“ಎಲ್ಲಿ ಮುಗಿತಾವ್ರಿ! ಆ ಸಾಹೇಬ ನಡುವ ಗಂಟಿ ಬಾರಿಸಿಬಿಟ್ಟ.”

“ಹಂಗಾರ ಹೇಳು. ಬಾಗಿಲ ಇಲ್ಲದೇ ಕೇಳ್ತೇನಿ.”

ಶಿವಕಾಂತಾ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು, ಸೆರಗು ಸರಿಪಡಿಸಿಕೊಂಡಳು. “ಮೊದಲಿಂದ ಹೇಳ್ತೇನ್ರಿ. ನಮ್ಮ ಲಗ್ನದ ದಿನ ನೀವು…”

ಕೊಲಂಬೊ ಇನ್ನೂ ಬಹಳ ದೂರವಿತ್ತು.